ಮೇಜಿನ ಮೇಲಣ ರೈಲಿನ ಜಮಾಖರ್ಚು

ಅಂಗೈಯಲ್ಲಿ ಹಿಡಿಸುವ, 15,000 ರೂಪಾಯಿ ಬೆಲೆಯ ಒಂದು ಶಂಟಿಂಗ್ ಎಂಜಿನನ್ನು ಇಂಗ್ಲೆಂಡಿನಿಂದ ತರಿಸಿ, ಅದು ಮನೆಯ ಹೊಸ್ತಿಲನ್ನು ದಾಟುವ ಹೊತ್ತಿಗೆ 37,000 ರೂಪಾಯಿಗಳನ್ನು ತೆತ್ತಿರುವ ಮನುಷ್ಯನು ಮಿತವ್ಯಯವನ್ನು ಕುರಿತು ಅಂಕಣ ಬರೆಯಲು ಅರ್ಹನೇ ಎಂಬುದು ನಮ್ಮ ಮನೆಯಲ್ಲಿ ಈಗ ಎದ್ದಿರುವ ಪ್ರಶ್ನೆ. "ಆ ದುಡ್ಡಿನಲ್ಲಿ ನಿಜವಾದ ರೈಲಿನಲ್ಲೇ ಇಬ್ಬರೂ ಕಾಶಿಗೆ ಹೋಗಿ ಬರಬಹುದಿತ್ತಲ್ಲ" ಎಂದು ಮನೆಯಾಕೆ ಹೇಳಿದ ಮಾತಿನಲ್ಲಿ ಅಂಕಿಯ ದೋಷವೇನೂ ಇಲ್ಲ. ಆದರೂ ಆ ಎಂಜಿನನ್ನು ಕೊಂಡದ್ದು ಸರಿಯೆಂದೇ ನಾನು ವಾದಿಸುವವನು. ಮೇಜಿನ ಮೇಲೆ ರೈಲು ಓಡಿಸುವ ಹವ್ಯಾಸದಲ್ಲಿ ಹಣ ಸೋರುವ ತೂತುಗಳು ಬೇರೆ ಕಡೆ ಇವೆ, ಅವುಗಳ ಮೇಲೆ ಯಾರೂ ಬೆಲೆಯ ಚೀಟಿಯನ್ನು ಅಂಟಿಸಿರುವುದಿಲ್ಲ.

ಮೊದಲು ಎಂಜಿನಿನ ಲೆಕ್ಕವನ್ನೇ ಬಿಡಿಸಿಡುತ್ತೇನೆ. ಪಟ್ಟಿಯ ಬೆಲೆ ನಮ್ಮ ನಾಣ್ಯದಲ್ಲಿ 18,000 ರೂಪಾಯಿ. ಬ್ರಿಟನ್ನಿನ ನೂರಕ್ಕೆ 20ರ ವ್ಯಾಟ್ ಅದರೊಳಗೆ ಅಡಕವಾಗಿದ್ದು, ಹೊರದೇಶಕ್ಕೆ ಹೋಗುವ ಸರಕಿಗೆ ಆ ಅಂಗಡಿಯವರು ಅದನ್ನು ಕಳೆದು ಕೊಡುವವರಾದ್ದರಿಂದ, 3,000 ರೂಪಾಯಿಗಳ ಉಳಿತಾಯವೊಂದು ಗ್ರಾಹಕನ ಕಣ್ಣ ಮುಂದೆ ಮೊದಲೇ ಮಿನುಗುತ್ತದೆ. ಉಳಿದ 15,000ಕ್ಕೆ ಸಾಗಣೆ ಮತ್ತು ವಿಮೆಯ 2,500 ಕೂಡಿದರೆ 17,500. ಸುಂಕ ಬೀಳುವುದು ಬರಿಯ ಎಂಜಿನಿನ ಬೆಲೆಯ ಮೇಲಲ್ಲ, ಈ ಕೂಡಿದ ಮೊತ್ತದ ಮೇಲೆ. ಆಟಿಕೆಗಳ ಆಮದು ಸುಂಕವು 2020ರ ಮುಂಗಡಪತ್ರದಲ್ಲಿ ನೂರಕ್ಕೆ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. ಅಳತೆಗೆ ಇಳಿಸಿದ ಮಾದರಿಗಳೂ ಮಕ್ಕಳ ಗಿಲಕಿಯೂ ಸುಂಕದ ಪುಸ್ತಕದಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆಯಾದ್ದರಿಂದ, ವಯಸ್ಸು ಅರವತ್ತು ದಾಟಿದ ನನ್ನ ಎಂಜಿನೂ ಆಟಿಕೆಯೆಂದೇ ಗಣನೆಗೆ ಬಂತು. 17,500ಕ್ಕೆ ನೂರಕ್ಕೆ 70ರಂತೆ 12,250; ಅಲ್ಲಿಗೆ 29,750. ಇದರ ಮೇಲೆ, ಎಂದರೆ ಸುಂಕವನ್ನೂ ಒಳಗೊಂಡ ಮೊತ್ತದ ಮೇಲೆ, ನೂರಕ್ಕೆ 18ರ ಐಜಿಎಸ್‌ಟಿ 5,355, ಒಟ್ಟು 35,105. ಕಾರ್ಡಿನ ಬ್ಯಾಂಕು ವಿದೇಶೀ ವಿನಿಮಯಕ್ಕೆಂದು ನೂರಕ್ಕೆ ಮೂರೂವರೆಯಂತೆ ಹಿಡಿದದ್ದು, ಅದರ ಮೇಲಣ ತೆರಿಗೆಯೂ ಸೇರಿ, 723. ಸುಂಕವನ್ನು ನಮ್ಮ ಪರವಾಗಿ ಮುಂಗಡ ಕಟ್ಟಿದ ಉಪಕಾರಕ್ಕಾಗಿ ಕೊರಿಯರಿನವರು ಎಣಿಸಿಕೊಂಡದ್ದು 1,180. ಕೂಡಿ ನೋಡಿದರೆ 37,008.

ಈ ಗಣಿತದಲ್ಲಿ ಕಲಿಯತಕ್ಕ ಪಾಠವೊಂದಿದೆ. 70ರ ಸುಂಕವೂ 18ರ ತೆರಿಗೆಯೂ ಒಂದರ ಮೇಲೊಂದು ಕುಳಿತಾಗ, ಗಡಿಯನ್ನು ಮುಟ್ಟಿದ ಪ್ರತಿ ನೂರು ರೂಪಾಯಿಯೂ 200 ರೂಪಾಯಿ 60 ಪೈಸೆಯಾಗುತ್ತದೆ. ಸಾಗಣೆಗೆ ಕೊಟ್ಟ 2,500 ರೂಪಾಯಿಯೂ ಈ ನಿಯಮಕ್ಕೆ ಒಳಪಟ್ಟು 5,015 ಆಗಿ ಕುಳಿತಿದೆ. ಆದುದರಿಂದ ತರಿಸಲೇಬೇಕಾದವರು ಬಿಡಿಬಿಡಿಯಾಗಿ ತರಿಸುವ ಚಪಲವನ್ನು ಬಿಟ್ಟು, ಗೆಳೆಯರ ಬೇಡಿಕೆಗಳನ್ನೂ ಕೂಡಿಸಿಕೊಂಡು ಒಂದೇ ಪೆಟ್ಟಿಗೆಯಲ್ಲಿ ತರಿಸುವುದೂ, ಸುಂಕದವರು ಯಾವ ಶೀರ್ಷಿಕೆಯ ಕೆಳಗೆ ವರ್ಗೀಕರಿಸುವರೆಂಬುದನ್ನು ಹಣ ಕಟ್ಟುವುದಕ್ಕೆ ಮುಂಚೆ ವಿಚಾರಿಸಿಕೊಳ್ಳುವುದೂ ಕ್ಷೇಮ. ನಾನು ಮೂವರು ಮಿತ್ರರಿಗಾಗಿ ಕಾದಿದ್ದ ಪಕ್ಷದಲ್ಲಿ ನನ್ನ ಪಾಲಿನ ಸಾಗಣೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಸುಂಕವೇಕೆ ಇಷ್ಟು ಎಂಬುದನ್ನು ಚರ್ಚಿಸುವುದು ಈ ಅಂಕಣದ ಕೆಲಸವಲ್ಲ.

ಇಷ್ಟು ತೆತ್ತು ಏಕೆ ತರಿಸಬೇಕು ಎಂದರೆ, ಈ ಹವ್ಯಾಸದಲ್ಲಿ ಜಿಪುಣತನ ಮಾಡಬಾರದ ವಸ್ತು ಎಂಜಿನೊಂದೇ. ಅಗ್ಗದ ಎಂಜಿನು ವೇಗವಾಗಿ ಓಡಬಲ್ಲುದು, ನಿಧಾನವಾಗಿ ತೆವಳಲಾರದು. ಒಳ್ಳೆಯ ಶಂಟಿಂಗ್ ಎಂಜಿನು, ವ್ಯಾಗನಿನ ಕೊಕ್ಕೆ ತಾಗಿತೋ ಇಲ್ಲವೋ ಎಂಬಷ್ಟು ಮೃದುವಾಗಿ, ಹಳಿಯ ಅಡಿಯ ಸ್ಲೀಪರುಗಳನ್ನು ಎಣಿಸುತ್ತ ಹೋದಂತೆ ಹೋಗುತ್ತದೆ. ಅದಿಲ್ಲದಿದ್ದರೆ ಮುಂದೆ ಹೇಳಲಿರುವ ಮಿತವ್ಯಯದ ಮಾರ್ಗವೇ ಮುಚ್ಚಿಹೋಗುತ್ತದೆ.

ನಮ್ಮ ದೇಶದ ರೈಲಿನ ಮಾದರಿಯೇ ಏಕಾಗಬಾರದೆಂದು ಕೇಳುವವರಿದ್ದಾರೆ. ಆ ಅಭಿಮಾನ ನನಗೂ ಇದೆ. ಆದರೆ ಎಚ್‌ಒ ಅಳತೆಯಲ್ಲಿ, ಎಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದಾಗ, ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜು 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು. ಅಂಗಡಿಯಲ್ಲಿ ದೊರೆಯುವ ಹಳಿ 16.5 ಮಿಲಿಮೀಟರಿನದು. ಅದು 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜಿನ ಪ್ರತಿರೂಪ. ಬೆಂಗಳೂರಿನಲ್ಲಿ ಅದಕ್ಕೆ ಸರಿಯಾಗಿ ಹೊಂದುವ ರೈಲು ನಮ್ಮ ಮೆಟ್ರೋ ಒಂದೇ. ಬ್ರಿಟಿಷರಾದರೋ ಬಂಡಿಯನ್ನು 76ರಲ್ಲಿ ಒಂದು ಪಾಲಿಗೆ ಇಳಿಸಿ, ಹಳಿಯನ್ನು ಅದೇ 16.5ರಲ್ಲಿ ಉಳಿಸಿಕೊಂಡು, ಈ ಅಸಾಂಗತ್ಯದೊಡನೆ ಹಲವು ದಶಕಗಳಿಂದ ಸುಖವಾಗಿ ಸಂಸಾರ ಮಾಡಿಕೊಂಡು ಬಂದಿದ್ದಾರೆ. ಎರಡೂಮುಕ್ಕಾಲು ಮಿಲಿಮೀಟರಿನ ಸತ್ಯಕ್ಕಾಗಿ ಹಳಿಯನ್ನು ಕೈಯಾರೆ ಕಟ್ಟಿಕೊಳ್ಳಬಲ್ಲವರಿಗೆ ನನ್ನ ನಮಸ್ಕಾರ. ವರಮಾನಕ್ಕೆ ಮಿತಿಯುಳ್ಳವರು ಬ್ರಿಟಿಷರ ಔದಾರ್ಯವನ್ನು ಅನುಸರಿಸಬಹುದು.

ಈಗ ಚೀಟಿಯಿಲ್ಲದ ಬೆಲೆಗಳ ಮಾತು. ಮಾದರಿ ರೈಲೆಂದೊಡನೆ ಎಂಟಡಿ ಉದ್ದ ನಾಲ್ಕಡಿ ಅಗಲದ ಒಂದು ಇಡಿಯ ಪ್ಲೈವುಡ್ ಹಲಗೆಯನ್ನು ತಂದು, ಅದರ ಮೇಲೆ ಅಂಡಾಕಾರದ ಹಳಿಯನ್ನು ಹಾಸುವುದು ರೂಢಿ. ಹಲಗೆಯ ಬೆಲೆಯನ್ನು ಎಲ್ಲರೂ ಬರೆದಿಡುತ್ತಾರೆ. ಅದು ಆಕ್ರಮಿಸಿದ ನೆಲದ ಬೆಲೆಯನ್ನು ಬರೆದಿಟ್ಟವರನ್ನು ನಾನು ಕಂಡಿಲ್ಲ. ಹಲಗೆಗೆ 32 ಚದರಡಿ, ಹಳಿ ತಪ್ಪಿದ ಬಂಡಿಯನ್ನು ಎತ್ತಿಡಲು ಸುತ್ತ ಓಡಾಡುವುದಕ್ಕೆ ಇನ್ನೊಂದು 28, ಒಟ್ಟು 60 ಚದರಡಿ. ನಮ್ಮ ಬಡಾವಣೆಯ ಬಾಡಿಗೆ ಚದರಡಿಗೆ ತಿಂಗಳಿಗೆ 30 ರೂಪಾಯಿ. ಆ ದರದಲ್ಲಿ ವರ್ಷಕ್ಕೆ 21,600. ಎಂಜಿನಿನ ಮೇಲೆ ಸಾಗಣೆ, ಸುಂಕ, ಶುಲ್ಕಗಳೆಂದು ನಾನು ಹೆಚ್ಚಾಗಿ ತೆತ್ತದ್ದು 22,008. ನಾನು ತೆತ್ತದ್ದು ಒಮ್ಮೆ. ಹಲಗೆಯ ಒಡೆಯನು ಹೆಚ್ಚುಕಡಿಮೆ ಅಷ್ಟನ್ನೇ ಪ್ರತಿ ವರ್ಷವೂ ತೆರುತ್ತಿರುತ್ತಾನೆ. ಸ್ವಂತ ಮನೆಯಾದರೆ ತೆರುವುದು ಕಾಣುವುದಿಲ್ಲ, ಅಷ್ಟೇ.

ಜಯನಗರದಲ್ಲಿರುವ ನನ್ನ ಮಿತ್ರರೊಬ್ಬರು ಇಂಥ ಹಲಗೆಯ ಒಡೆಯರು. ಸ್ಟಾರ್ಟರ್ ಸೆಟ್ಟಿನ ವೃತ್ತದಲ್ಲಿ ರೈಲು ಸುತ್ತಿತು. ಸುತ್ತುವುದನ್ನು ನೋಡಿ ಮನಸ್ಸು ತಣಿದು ಬೇಸರವೂ ಆಯಿತು. ಬೇಸರವನ್ನು ಕಳೆಯಲು ವಿಸ್ತರಣೆಯ ಪೊಟ್ಟಣ ಬಂತು, ಅದರ ಹಿಂದೆ ಎರಡನೆಯ ವೃತ್ತ, ಮೇಲ್ಸೇತುವೆ, ಸುರಂಗ. ಜರ್ಮನಿಯ ಗೋಪಿಂಗೆನ್ನಿನ ಮಾರ್ಕ್ಲಿನ್ ಕಂಪನಿಯವರು 1891ರ ಲೈಪ್ಸಿಗ್ ಜಾತ್ರೆಯಲ್ಲಿ, ನಿಯತವಾದ ಗೇಜುಗಳ, ತುಂಡಿಗೆ ತುಂಡು ಜೋಡಿಸಿ ಬೆಳೆಸಬಹುದಾದ ಹಳಿಗಳ ಆಟದ ರೈಲನ್ನು ಮುಂದಿಟ್ಟಾಗಲೇ ಈ ವ್ಯಾಪಾರದ ಗುಟ್ಟು ಹೊರಬಿದ್ದಿತ್ತು: ಲಾಭವಿರುವುದು ಮೊದಲ ಪೆಟ್ಟಿಗೆಯಲ್ಲಲ್ಲ, ಅದರ ಹಿಂದೆ ಬರುವ ಪೆಟ್ಟಿಗೆಗಳ ಸಾಲಿನಲ್ಲಿ.

ಆ ಮಿತ್ರರು ಡಿಜಿಟಲ್ ಕಂಟ್ರೋಲರನ್ನು ಕೊಂಡದ್ದು ನೋ ಕಾಸ್ಟ್ ಇಎಂಐ ಎಂಬ ಮಹಾಪ್ರಸಾದದ ಮೂಲಕ. ಈ ಪದಾರ್ಥದ ಹೆಸರು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. 24,000 ರೂಪಾಯಿಯ ವಸ್ತು, ಆರು ಕಂತು, ಬಡ್ಡಿಯಿಲ್ಲ! ಬಡ್ಡಿಯಿಲ್ಲದೆ ಸಾಲ ಕೊಡುವ ಬ್ಯಾಂಕು ಯಾವ ಲೋಕದಲ್ಲಿದೆ? ಬಡ್ಡಿಯಷ್ಟು ಮೊತ್ತವನ್ನು ಮಾರುವವನು ರಿಯಾಯಿತಿಯೆಂದು ಕಳೆಯುತ್ತಾನೆ, ಬ್ಯಾಂಕು ಬಡ್ಡಿಯೆಂದು ಕೂಡುತ್ತದೆ. ಆ ಬಡ್ಡಿಯ ಮೇಲೆ ಜಿಎಸ್‌ಟಿ, ಮೇಲೊಂದು ಪ್ರೊಸೆಸಿಂಗ್ ಶುಲ್ಕ. ನಗದು ಕೊಟ್ಟರೆ ಎಷ್ಟೆಂದು ನಾನು ಅದೇ ಮಾರಾಟಗಾರನನ್ನು ಕೇಳಿದಾಗ ಆತನು ಹೇಳಿದ್ದು 22,500. ಬಡ್ಡಿಯಿಲ್ಲದ ಸಾಲಕ್ಕೆ ಮಿತ್ರರು ತೆತ್ತದ್ದು, ಹಾಗಾದರೆ, ಹತ್ತಿರ ಹತ್ತಿರ 1,900 ರೂಪಾಯಿ. ಶೂನ್ಯ ಬಡ್ಡಿಯೆಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಷ್ಟು ಹಿಂದೆಯೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಹೆಸರು ಬದಲಾಯಿತು, ಪದಾರ್ಥ ಉಳಿಯಿತು. ಶಾಲೆಯ ಶುಲ್ಕಕ್ಕೋ ಆಸ್ಪತ್ರೆಯ ವೆಚ್ಚಕ್ಕೋ ಕಂತು ಕಟ್ಟುವವರನ್ನು ಯಾರೂ ಆಕ್ಷೇಪಿಸಲಾರರು. ಆಟಕ್ಕೆ ಸಾಲ ಮಾಡಬಾರದು. ಆಟ ಬೇಸರವಾದ ಮೇಲೂ ಕಂತು ಬೇಸರಗೊಳ್ಳುವುದಿಲ್ಲ.

ಪರ್ಯಾಯಗಳು ಇಲ್ಲವೆ ಎಂದರೆ ಇವೆ. ಎನ್ ಸ್ಕೇಲಿನಲ್ಲಿ, 160ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಎಚ್‌ಒದ ದೃಶ್ಯವೇ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಅಡಗುತ್ತದೆ. ಕಣ್ಣು ಚೆನ್ನಾಗಿರುವವರು ಯೋಚಿಸಬಹುದು. ನಾನು ಆರಿಸಿಕೊಂಡದ್ದು ಅಲನ್ ರೈಟ್ ಎಂಬ ಆಂಗ್ಲ ಹವ್ಯಾಸಿ ರೂಪಿಸಿದ ಇಂಗಲ್‌ನುಕ್ ಸೈಡಿಂಗ್ಸ್ ಎಂಬ ಪುಟ್ಟ ಯಾರ್ಡನ್ನು. ಅದಕ್ಕೆ ಬೇಕಾದದ್ದು ಹಳಿ ಕವಲೊಡೆಯುವ ಎರಡು ಪಾಯಿಂಟು, ಬಂಡಿಗಳು ತಂಗುವ ಮೂರು ಸೈಡಿಂಗು, ಒಂದು ಎಂಜಿನು, ಎಂಟು ವ್ಯಾಗನು. ಒಂದು ಸೈಡಿಂಗಿನಲ್ಲಿ ಐದು ವ್ಯಾಗನುಗಳು ನಿಲ್ಲಬಲ್ಲವು, ಉಳಿದೆರಡರಲ್ಲಿ ಮೂರು ಮೂರು. ಎಂಜಿನು ಹಿಂದೆ ಸರಿಯುವ ಹಳಿಯಲ್ಲಿ ಎಂಜಿನಿನೊಡನೆ ಮೂರಕ್ಕೆ ಮಾತ್ರ ಜಾಗ. ಎಂಟರಲ್ಲಿ ಐದನ್ನು ಚೀಟಿಯೆತ್ತಿ, ಎತ್ತಿದ ಕ್ರಮದಲ್ಲಿಯೇ ಒಂದು ಗೂಡ್ಸ್ ಗಾಡಿಯನ್ನು ಕೂಡಿಸಬೇಕು. ಎಂಟು, ಏಳು, ಆರು, ಐದು, ನಾಲ್ಕನ್ನು ಗುಣಿಸಿ ನೋಡಿದರೆ 6,720 ಬಗೆಯ ಗಾಡಿಗಳು. ಇಷ್ಟಕ್ಕೂ ಬೇಕಾದ ಜಾಗ ನಾಲ್ಕೈದಡಿ ಉದ್ದ, ಒಂದಡಿ ಅಗಲದ ಒಂದು ಹಲಗೆ. ನನ್ನದು ಗೋಡೆಯ ಬ್ರಾಕೆಟ್ಟುಗಳ ಮೇಲೆ, ಮಂಚದ ತಲೆದೆಸೆಯಲ್ಲಿ, ನೆಲಕ್ಕೆ ಬಾಡಿಗೆಯಿಲ್ಲದೆ ಕುಳಿತಿದೆ. ಹಲಗೆ, ಹಳಿ, ಪಾಯಿಂಟುಗಳು, ಬಳಸಿದ ವ್ಯಾಗನುಗಳು, ಎಸ್‌ಪಿ ರೋಡಿನಿಂದ ತಂದ ತಂತಿ, ಇವೆಲ್ಲದರ ವೆಚ್ಚ, ಎಂಜಿನೊಂದರ ಹೊರತು, ನಾನು ಹೆಚ್ಚಾಗಿ ತೆತ್ತೆನೆಂದು ಮೇಲೆ ಹೇಳಿದ ಮೊತ್ತವನ್ನು ಮುಟ್ಟಲಿಲ್ಲ.

ಕಟ್ಟುವಲ್ಲಿ ಒಂದು ಮಾತನ್ನು ಮಾತ್ರ ಹೇಳುತ್ತೇನೆ, ಅದರಿಂದ ಹಣ ಉಳಿಯುವುದರಿಂದ. ಪಾಯಿಂಟಿನಲ್ಲಿ ಎರಡು ಹಳಿಗಳು ಒಂದನ್ನೊಂದು ಕತ್ತರಿಸುವ ಮೂಲೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅಲ್ಲಿ ವಿದ್ಯುತ್ತು ಇಲ್ಲ. ಗಿಡ್ಡ ಎಂಜಿನು ನಿಧಾನವಾಗಿ ಬಂದು ಅಲ್ಲಿಯೇ ಪ್ರಾಣ ಬಿಟ್ಟಂತೆ ನಿಂತು, ಬೆರಳಿನಿಂದ ನೂಕಿದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಕಂಡವರು ಎಂಜಿನು ಕೆಟ್ಟಿತೆಂದು ತಿಳಿದು ಹೊಸದಕ್ಕೆ ಹಣ ಕಟ್ಟುತ್ತಾರೆ. ವಿದ್ಯುತ್ತು ಹರಿಯುವ ಲೋಹದ ಮೂಲೆಯ ಪಾಯಿಂಟನ್ನೇ ಮೊದಲು ಕೊಂಡು, ಕೂಡುಕೊಂಡಿಗಳನ್ನು ನಂಬದೆ ಪ್ರತಿ ಹಳಿಯ ತುಂಡಿಗೂ ಒಂದೊಂದು ತಂತಿಯನ್ನು ಬೆಸೆದು, ಹಳಿಯ ಮೈಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲಿನ ಬಟ್ಟೆಯಿಂದ ಒರೆಸಿದರೆ, ಸಾವಿರಾರು ರೂಪಾಯಿಗಳ ರೋಗ ನೂರಾರು ರೂಪಾಯಿಗಳಲ್ಲಿ ವಾಸಿಯಾಗುತ್ತದೆ. ಬಟ್ಟೆಯ ಮೇಲೆ ಬರುವ ಕಪ್ಪು ಗೆರೆಯನ್ನು ಒಮ್ಮೆ ಕಂಡವರಿಗೆ ಮತ್ತೆ ಹೇಳಬೇಕಾಗುವುದಿಲ್ಲ.

ಸಂಜೆ ಮೊಮ್ಮಗಳು ಹಿತ್ತಾಳೆಯ ಅಡಕೆ ಡಬ್ಬಿಯಿಂದ ಚೀಟಿಗಳನ್ನು ಎತ್ತಿ, "ತಾತ, ಈ ಸಲ ಎಣ್ಣೆ ಟ್ಯಾಂಕರ್ ಮೊದಲು, ಗಾರ್ಡಿನ ಡಬ್ಬಿ ಮೂರನೇದು" ಎನ್ನುತ್ತಾಳೆ. ಗಾರ್ಡನ್ನು ಗಾಡಿಯ ನಡುವೆ ಕೂರಿಸುವ ಈ ಅಕ್ರಮವನ್ನು ಆಟದ ನಿಯಮವೆಂದು ಒಪ್ಪಿ ನಾನು ಎಂಜಿನನ್ನು ಹೊರಡಿಸುತ್ತೇನೆ. ಒಂದೊಂದು ಗಾಡಿಯನ್ನು ಕೂಡಿಸಲು ಕಾಲುಗಂಟೆಯಾದರೂ ಬೇಕು. ವಸ್ತುವಿನಿಂದ ದೊರೆಯುವ ಸಂತೋಷ ಪೊಟ್ಟಣ ಬಿಚ್ಚಿದ ದಿನವೇ ಮುಕ್ಕಾಲು ಪಾಲು ಮುಗಿದಿರುತ್ತದೆ. ಓಡಿಸುವ ಕೌಶಲದಿಂದ ದೊರೆಯುವುದು ದಿನದಿನಕ್ಕೆ ಬೆಳೆಯುತ್ತದೆ, ಅದಕ್ಕೆ ಸುಂಕವೂ ಇಲ್ಲ.

ಆದಕಾರಣ ಹವ್ಯಾಸಿಗಳು ಅಂಕಿಗಳಿಗಿಂತ ಮೊದಲು ಅಭ್ಯಾಸಗಳನ್ನು ತಿದ್ದಿಕೊಳ್ಳಬೇಕು. ತಿಂಗಳಿಗೆ ಇಷ್ಟೆಂದು ಒಂದು ಮೊತ್ತವನ್ನು ಗೊತ್ತುಮಾಡಿ ಅದನ್ನು ಬೇರೆಯೇ ಖಾತೆಯಲ್ಲಿಡುವುದು, ಕೊಂಡದ್ದನ್ನು ಸಾಗಣೆ ಸುಂಕಗಳ ಸಮೇತ ಒಂದು ಪುಸ್ತಕದಲ್ಲಿ ಬರೆಯುವುದು, ಹಿಂದಿನ ಪೆಟ್ಟಿಗೆಯನ್ನು ಬಿಚ್ಚಿ ಹಳಿಗೆ ಏರಿಸುವ ತನಕ ಮುಂದಿನದಕ್ಕೆ ಕೈ ಹಾಕದಿರುವುದು, ಇವು ಮೂರೇ ಸಾಕು. ಸೀಮಿತ ಸಂಖ್ಯೆಯ ಆವೃತ್ತಿಯೆಂದು ಮುದ್ರೆಯೊತ್ತಿದ ಎಂಜಿನನ್ನು ಹೂಡಿಕೆಯೆಂದು ಕೊಳ್ಳುವವರಿಗೆ ನಾನು ಕೇಳುವುದಿಷ್ಟೆ: ಅದನ್ನು ಕೊಳ್ಳುವಾತನು ಯಾವ ಊರಿನಲ್ಲಿದ್ದಾನೆ, ನೀವು ತೆತ್ತ ಸುಂಕವನ್ನು ಆತನು ಏಕೆ ಹಿಂದಿರುಗಿಸಬೇಕು? ಹವ್ಯಾಸದ ಹಣವನ್ನು ಖರ್ಚೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಇದ್ದರೆ ಅದು ಮಿತಿಯಲ್ಲಿ ನಿಲ್ಲುತ್ತದೆ. ತಿಂಗಳ ಮೊತ್ತ ಮುಗಿದ ದಿನ ಪಟ್ಟಿಗಳನ್ನು ಮುಚ್ಚಿಟ್ಟು, ಇರುವ ಎಂಟು ವ್ಯಾಗನುಗಳನ್ನೇ ಓಡಿಸಬೇಕು; ಆ 6,720 ಗಾಡಿಗಳನ್ನೂ ಕೂಡಿಸಿ ಮುಗಿಸಿದವರು ಯಾರಾದರೂ ಬಂದರೆ, ಒಂಬತ್ತನೆಯ ವ್ಯಾಗನನ್ನು ಕೊಳ್ಳುವಂತೆ ಈ ಅಂಕಣದಲ್ಲಿಯೇ ಶಿಫಾರಸು ಮಾಡುತ್ತೇನೆ.