ಅಣಬೆ, ಗಾಂಜಾ, ಲಿಥಿಯಂ: ಬೈಪೋಲಾರ್ ಕಾಯಿಲೆಯ ಬಗ್ಗೆ ಒಂದು ಪಾಠ



ಕಳೆದ ತಿಂಗಳು ಪ್ರಥಮ ಪಿಯುಸಿ ತರಗತಿಯಲ್ಲಿ ಆವರ್ತಕ ಕೋಷ್ಟಕದ ಪಾಠ ಮಾಡುತ್ತಿದ್ದೆ. ಮೂರನೆಯ ಧಾತು ಲಿಥಿಯಂ. ನಿಮ್ಮ ಮೊಬೈಲ್ ಬ್ಯಾಟರಿಯಲ್ಲಿ ಇರುವುದು ಇದೇ ಎಂದು ಹೇಳಿ, ಬೈಪೋಲಾರ್ ಎಂಬ ಮನೋರೋಗಕ್ಕೂ ಇದು ಔಷಧ ಎಂದು ಒಂದು ಮಾತು ಸೇರಿಸಿದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದ. "ಸರ್, ಅದಕ್ಕೆಲ್ಲ ಈಗ ಮ್ಯಾಜಿಕ್ ಮಶ್ರೂಮ್ ಬಂದೈತಂತೆ. ರೀಲ್ಸ್‌ನಾಗೆ ನೋಡಿದೆ. ಕೆಮಿಕಲ್ ಮಾತ್ರೆಗಿಂತ ಅದೇ ಒಳ್ಳೇದಲ್ವಾ ಸರ್? ನೆಲದಾಗೆ ಬೆಳೆಯೋದು." ಎಲ್ಲರೂ ನಕ್ಕರು, ಬೆಲ್ ಹೊಡೆಯಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಕಾಯಿಲೆ ನಮ್ಮ ಮನೆಯಲ್ಲೇ ಇದೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ವಿಷಯ. ಬೈಪೋಲಾರ್ ಎಂದರೆ ಎರಡು ಧ್ರುವಗಳದ್ದು. ಒಂದು ತುದಿಯಲ್ಲಿ ಖಿನ್ನತೆ: ವಾರಗಟ್ಟಲೆ ಏಳಲು ಮನಸ್ಸಿಲ್ಲ, ಊಟ ಬೇಡ, ಬದುಕೇ ಬೇಡ. ಇನ್ನೊಂದು ತುದಿಯಲ್ಲಿ ಉನ್ಮಾದ, ವೈದ್ಯರು ಮೇನಿಯಾ ಎನ್ನುತ್ತಾರೆ. ಎರಡು ತಾಸು ನಿದ್ದೆ ಮಾಡಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ತನ್ನಿಂದ ಆಗದ್ದೇ ಇಲ್ಲ ಎಂಬ ನಂಬಿಕೆ. ಬೆಳಿಗ್ಗೆ ಖುಷಿ, ಸಂಜೆ ಬೇಸರ ಆಗುವುದನ್ನು ನೀವು "ನಾನು ಬೈಪೋಲಾರ್ ಕಣೋ" ಎಂದು ತಮಾಷೆಗೆ ಹೇಳುತ್ತೀರಿ. ಅದು ಇದಲ್ಲ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತದೆ. ಅವರಲ್ಲಿ ನೂರಕ್ಕೆ 70 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಒಳಗೆ, ಅಂದರೆ ನಿಮ್ಮ ಮುಂದಿರುವ ವರ್ಷಗಳಲ್ಲಿ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವ ಸಂಭವ ಹತ್ತರಲ್ಲಿ ಒಂದರ ಆಸುಪಾಸು.

ನಮ್ಮ ಮಾಮು, ಅಂದರೆ ಅಮ್ಮಿಯ ತಮ್ಮ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ನಾನಾಗ ಹರಿಹರದಲ್ಲಿ ದ್ವಿತೀಯ ಪಿಯುಸಿ. ಮಾಮುವಿಗೆ ಇಪ್ಪತ್ನಾಲ್ಕು. ಒಂದು ಮಳೆಗಾಲ ಪೂರ್ತಿ ಅವರು ಕೆಲಸ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಸ್ನೇಹಿತನೊಬ್ಬ "ಮನಸ್ಸು ಹಗುರ ಆಗ್ತದೆ" ಎಂದು ಗಾಂಜಾ ಸೇದಿಸಿದ. ಆಮೇಲೆ ದಿನಾ ರಾತ್ರಿ ಮಾಳಿಗೆ ಮೇಲೆ. ನನಗೆ ಗೊತ್ತಿತ್ತು. ನಾನಿಗೆ ಹೇಳಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಮಾಮು ಎದ್ದರು, ಆದರೆ ಎದ್ದವರು ಮತ್ತೆ ಮಲಗಲೇ ಇಲ್ಲ. ಇಡೀ ಕರ್ನಾಟಕಕ್ಕೆ ಮಂಡಕ್ಕಿ ತಾನೇ ಕಳಿಸುತ್ತೇನೆಂದು ನಾನಿಯ ಸರ ಅಡವಿಟ್ಟು ಎರಡು ಲಾರಿಗೆ ಮುಂಗಡ ಕೊಟ್ಟರು. ರಾತ್ರಿ ಮೂರಕ್ಕೆ ಪಿ.ಬಿ. ರಸ್ತೆಯ ನಡುವೆ ನಿಂತು ಬಸ್ಸುಗಳಿಗೆ ದಾರಿ ತೋರಿಸುತ್ತಿದ್ದರು. ಮನೆಯವರು ನಜರ್ ಎಂದರು, ಗಾಳಿ ಎಂದರು, ತಾಯತ ಕಟ್ಟಿಸಿದರು. ಕಟ್ಟಿದ ಹಜರತ್ತರೇ "ದುವಾ ನಾನು ಮಾಡ್ತೀನಿ, ನೀವು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ" ಎಂದದ್ದು ನಮ್ಮ ಪುಣ್ಯ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: "ಗಾಂಜಾ, ಬೇರೆ ಏನಾದ್ರೂ ಸೇದ್ತಾರಾ?" ನಾನಿ "ಇಲ್ಲ ಸಾಹೇಬ್ರೇ, ನಮ್ಮ ಹುಡುಗ ಅಂಥವನಲ್ಲ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಮಾಮುವೇ ಹೇಳಿದರು.

ಕಾಯಿಲೆಯನ್ನು ಗಾಂಜಾವೇ ತಂದಿತು ಎಂದು ನಾನು ಹೇಳುವುದಿಲ್ಲ. ವೈದ್ಯರೂ ಹಾಗೆ ಹೇಳಲಿಲ್ಲ. ಮೊದಲು ಬಂದದ್ದು ಖಿನ್ನತೆ ತಾನೇ? ಆದರೆ ಗಾಂಜಾ ಸೇದುವವರಲ್ಲಿ ಮೇನಿಯಾದ ಲಕ್ಷಣಗಳು ಹೊಸದಾಗಿ ಕಾಣಿಸಿಕೊಳ್ಳುವ ಸಂಭವ ಸುಮಾರು ಮೂರು ಪಟ್ಟು ಎಂದು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಲೆಕ್ಕ ಹಾಕಿದ್ದಾರೆ. ಮನೆತನದಲ್ಲಿ ಬೀಜ ಇದ್ದಲ್ಲಿ ಗಾಂಜಾ ನೀರೆರೆದ ಹಾಗೆ.

ಈಗ ಅಣಬೆಗೆ ಬರೋಣ. ನಮ್ಮ ಕಡೆ ಮುಂಗಾರಿನಲ್ಲಿ ಹುತ್ತದ ಬಳಿ ಏಳುವ ಅಣಬೆಯ ಸಾರು ತಿಂದವರು ನಿಮ್ಮಲ್ಲೂ ಇದ್ದೀರಿ. ಅದು ಬೇರೆ. ರೀಲ್ಸ್‌ನಲ್ಲಿ ಬರುವುದು ಸೈಲೊಸೈಬ್ ಜಾತಿಯದು. ಮೆಕ್ಸಿಕೋದ ಮಜಾಟೆಕ್ ಜನ ತಮ್ಮ ಆಚರಣೆಗಳಲ್ಲಿ ಬಳಸುತ್ತಿದ್ದುದನ್ನು 1957ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಜಗತ್ತಿಗೆ ಹೇಳಿತು. ಮರುವರ್ಷ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅದರಿಂದ ಸೈಲೊಸೈಬಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದ. ಎಲ್‌ಎಸ್‌ಡಿಯನ್ನು ತಯಾರಿಸಿದವನೂ ಇವನೇ. ದೇಹದೊಳಗೆ ಸೈಲೊಸೈಬಿನ್‌ನ ಫಾಸ್ಫೇಟ್ ಗುಂಪು ಕಳಚಿ ಸೈಲೊಸಿನ್ ಆಗುತ್ತದೆ. ಇದರ ರಚನೆ ನಮ್ಮ ಮಿದುಳಿನ ಸೆರೊಟೋನಿನ್ ಅನ್ನು ಹೋಲುತ್ತದೆ. ಆದ್ದರಿಂದ ಸೆರೊಟೋನಿನ್ ಕೂರಬೇಕಾದ 5-ಎಚ್‌ಟಿ-2ಎ ಗ್ರಾಹಕದ ಮೇಲೆ ಇದು ಹೋಗಿ ಕೂರುತ್ತದೆ. ಇಲ್ಲದ್ದು ಕಾಣುತ್ತದೆ, ಹೊತ್ತಿನ ಲೆಕ್ಕ ತಪ್ಪುತ್ತದೆ. ಹುಡುಗ ಹೇಳಿದ "ಕೆಮಿಕಲ್" ಇದೇ. ಕಾರ್ಖಾನೆಯ ಬದಲು ಅಣಬೆ ತಯಾರಿಸಿದೆ, ಅಷ್ಟೇ ವ್ಯತ್ಯಾಸ.

ರೀಲ್ಸ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 2022ರಲ್ಲಿ ಔಷಧಗಳಿಗೆ ಬಗ್ಗದ ಖಿನ್ನತೆಯ 233 ಜನರ ಮೇಲೆ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 25 ಮಿಲಿಗ್ರಾಂ ಸೈಲೊಸೈಬಿನ್ ಒಂದೇ ಸಲ ಪಡೆದವರಲ್ಲಿ ಮೂರು ವಾರಕ್ಕೆ ಖಿನ್ನತೆ ಇಳಿದದ್ದು ನಿಜ. ಕೊಟ್ಟದ್ದು ಕಾಡಿನ ಅಣಬೆಯಲ್ಲ, ತೂಕ ಮಾಡಿದ ಶುದ್ಧ ಸಂಯುಕ್ತ. ಪಕ್ಕದಲ್ಲಿ ತರಬೇತಾದವರು ಕೂತಿದ್ದರು. ಮುಖ್ಯವಾಗಿ, ಬೈಪೋಲಾರ್ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಲೇ ಇಲ್ಲ. ಕಾರಣ, ಮನಸ್ಸನ್ನು ಮೇಲೆತ್ತುವ ವಸ್ತು ಬೈಪೋಲಾರ್ ಇದ್ದವರನ್ನು ನೆಲಮಟ್ಟಕ್ಕೆ ತಂದು ನಿಲ್ಲಿಸದೆ ಮಾಳಿಗೆಯಾಚೆ ಎತ್ತಿ ಒಗೆಯಬಹುದು. ಮಾಮೂಲಿ ಖಿನ್ನತೆಯ ಮಾತ್ರೆಯನ್ನು ಒಂದನ್ನೇ ಕೊಟ್ಟರೂ ಈ ಅಪಾಯ ಇದೆ ಎಂದು ಮನೋವೈದ್ಯರು ಎಚ್ಚರ ವಹಿಸುತ್ತಾರೆ. 2023ರ ಕೊನೆಗೆ ಬೈಪೋಲಾರ್ ಎರಡನೇ ಬಗೆಯವರ ಮೇಲೆ, ಅಂದರೆ ಪೂರ್ಣ ಮೇನಿಯಾ ಎಂದೂ ಬಾರದವರ ಮೇಲೆ, ಒಂದು ಪುಟ್ಟ ಪ್ರಯೋಗ ಪ್ರಕಟವಾಯಿತು. ಇದ್ದವರು ಒಟ್ಟು 15 ಜನ. ಹೆಚ್ಚಿನವರಿಗೆ ಗುಣ ಕಂಡಿತು. ಸಂತೋಷ. ಆದರೆ 15 ಜನರ ಫಲಿತಾಂಶ ಹಿಡಿದುಕೊಂಡು ನಮ್ಮ ಮಾಮುವಿನಂಥ ಮೊದಲನೇ ಬಗೆಯವರಿಗೆ ಅಣಬೆ ತಿನ್ನಿ ಎನ್ನಲು ಬರುವುದಿಲ್ಲ.

ಇನ್ನೊಂದು ವಿಷಯವನ್ನು ರೀಲ್ಸ್ ಹೇಳುವುದೇ ಇಲ್ಲ. ಬೈಪೋಲಾರ್ ಇರುವ ಎಷ್ಟೋ ಜನ ಲಿಥಿಯಂ ನುಂಗುತ್ತಿರುತ್ತಾರೆ. ಅದರ ಜೊತೆ ಅಣಬೆಯನ್ನೋ ಎಲ್‌ಎಸ್‌ಡಿಯನ್ನೋ ತೆಗೆದುಕೊಂಡವರು ತಾವೇ ಬರೆದುಕೊಂಡ 62 ಅನುಭವಗಳನ್ನು ಅಮೆರಿಕದ ಸಂಶೋಧಕರು 2021ರಲ್ಲಿ ಪರಿಶೀಲಿಸಿದರು. ನೂರಕ್ಕೆ 47ರಲ್ಲಿ ಫಿಟ್ಸ್ ಬಂದಿತ್ತು. ಕಹಿ ಅನುಭವವಾದವರೇ ಹೆಚ್ಚು ಬರೆದಿರಬಹುದು, ಒಪ್ಪೋಣ. ಹಾಗೆಂದು ಅರ್ಧಕ್ಕರ್ಧ ಎನ್ನುವ ಸಂಖ್ಯೆಯನ್ನು ಬದಿಗೆ ತಳ್ಳುವುದು ಹೇಗೆ?

"ಕೋರ್ಟೇ ಬಿಟ್ಟೈತೆ ಸರ್" ಎಂದೂ ಒಬ್ಬರು ಆಮೇಲೆ ಹೇಳಿದರು. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಅಣಬೆಯನ್ನು ಮಾದಕ ಮಿಶ್ರಣವೆಂದು ಪರಿಗಣಿಸಿ ಅದರ ಇಡೀ ತೂಕ ಹಿಡಿಯಲಾಗದು ಎಂದಿತು, ಕರ್ನಾಟಕ ಮತ್ತು ಮದ್ರಾಸ್ ಹೈಕೋರ್ಟುಗಳ ಹಿಂದಿನ ಆದೇಶಗಳನ್ನೂ ಉಲ್ಲೇಖಿಸಿತು. ಅದು ತೂಕದ ತಕರಾರು. 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಸೈಲೊಸೈಬಿನ್ ಈಗಲೂ ಇದೆ.

ಹಾಗಾದರೆ ಲಿಥಿಯಂ? ಹುಡುಗ ಅದನ್ನು "ಕೆಮಿಕಲ್" ಎಂದ. ಅದೂ ನೆಲದಿಂದಲೇ ಬಂದದ್ದು ಮಗಾ. ಲಿಥೋಸ್ ಎಂದರೆ ಗ್ರೀಕ್‌ನಲ್ಲಿ ಕಲ್ಲು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಬಂಡೆಗಳಲ್ಲೂ ಇದು ಸಿಕ್ಕಿದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಮೇನಿಯಾ ಇದ್ದ ಹತ್ತು ಜನರಿಗೆ ಇದನ್ನು ಕೊಟ್ಟು ಫಲ ಕಂಡದ್ದನ್ನು ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ, ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲೂ ಆತ್ಮಹತ್ಯೆ ತಪ್ಪಿಸುವುದರಲ್ಲೂ ಇದರಷ್ಟು ಪುರಾವೆ ಇರುವ ಔಷಧ ಕಡಿಮೆ. ಸುಲಭದ ಔಷಧ ಮಾತ್ರ ಅಲ್ಲ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ವಿಷ. ಬೆವರಿ ನೀರು, ಉಪ್ಪು ಕಡಿಮೆಯಾದರೆ ಮಟ್ಟ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೇನ್‌ನಿಂದಲೂ ಏರುತ್ತದೆ. ಅದಕ್ಕೇ ಆಗಾಗ ರಕ್ತಪರೀಕ್ಷೆ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆ.

ನಮ್ಮಲ್ಲಿ ರಂಜಾನ್ ಬಂದರೆ ಈ ಪ್ರಶ್ನೆ ಏಳುತ್ತದೆ. ದಾವಣಗೆರೆಯ ಬಿಸಿಲು, ಸಹರಿಗೆ ಎದ್ದು ಮುರಿದ ನಿದ್ದೆ. ನಿದ್ದೆ ಕೆಡುವುದೊಂದೇ ಮೇನಿಯಾ ಎಬ್ಬಿಸಲು ಸಾಕು. ಮೊರಾಕೊದಲ್ಲಿ ಲಿಥಿಯಂ ಮೇಲಿದ್ದ 20 ಜನರನ್ನು ಗಮನಿಸಿದಾಗ ಅರ್ಧಕ್ಕೆ ಹತ್ತಿರ ಜನರಿಗೆ ರಂಜಾನ್ ಕಾಲದಲ್ಲಿ ಕಾಯಿಲೆ ಮರುಕಳಿಸಿತ್ತು. ಪೇಶಾವರದಲ್ಲಿ 62 ಜನರನ್ನು ನೋಡಿದಾಗ ಲಿಥಿಯಂ ಮಟ್ಟದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಎರಡೂ ಇವೆ. ಆದ್ದರಿಂದ ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು ಕೇಳಬೇಕು, ಮಾತ್ರೆಯನ್ನು ತಾವೇ ಬಿಡಬಾರದು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇರುವುದು ನಿಮಗೆಲ್ಲ ಗೊತ್ತೇ ಇದೆ. ಮಾಮು ಇದನ್ನು ಒಪ್ಪಲು ಆರು ವರ್ಷ ಬೇಕಾಯಿತು. ನಡುವೆ ಒಮ್ಮೆ "ಗುಣ ಆಯ್ತಲ್ಲ" ಎಂದು ಮಾತ್ರೆ ಬಿಟ್ಟರು, ಮತ್ತೆ ಆಸ್ಪತ್ರೆ ಸೇರಿದರು.

ನಿಮಗೋ ಮನೆಯವರಿಗೋ ಇಂಥದ್ದು ಕಂಡರೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹರಿಹರದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೊರಗೆ ಹೋಗಲು ಮುಜುಗರವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಏನು ಸೇದಿದಿರಿ, ಏನು ತಿಂದಿರಿ ಎಂದು ಕೇಳಿದರೆ ಇದ್ದದ್ದನ್ನು ಹೇಳಿ. ಅವರು ಕೇಳುವುದು ಮದ್ದು ಕೊಡುವುದಕ್ಕೆ, ಪೊಲೀಸರಿಗೆ ಒಪ್ಪಿಸುವುದಕ್ಕಲ್ಲ.

ಇದನ್ನು ಬರೆಯುವ ಮೊದಲು ಮಾಮುವಿನ ಒಪ್ಪಿಗೆ ಕೇಳಿದೆ. ಅವರೀಗ ಹರಿಹರದಲ್ಲಿ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಾರೆ. "ಬರಿ ಬೇಟಾ, ಲಾರಿ ಮುಂಗಡದ್ದೂ ಬರಿ" ಎಂದು ನಕ್ಕರು. ಆಮೇಲೆ ಗಲ್ಲಾದಿಂದ ರಕ್ತಪರೀಕ್ಷೆಯ ಚೀಟಿ ತೆಗೆದು, ಕನ್ನಡಕ ಸಿಗದೆ, ಎಷ್ಟಿದೆ ಓದು ಎಂದು ನನ್ನ ಕೈಗೆ ಕೊಟ್ಟರು. 0.7 ಇತ್ತು.