ಕೋಲಾರದ ಹೆಸರು ಹೊತ್ತ ಖನಿಜ

ಕೋಲಾರವೆಂದೊಡನೆ ಎಲ್ಲರಿಗೂ ಚಿನ್ನದ ನೆನಪಾಗುವುದು ಸಹಜ. ೧೮೮೦ರಲ್ಲಿ ಆಧುನಿಕ ರೀತಿಯ ಕೆಲಸ ಆರಂಭವಾಗಿ, ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಿಹೋದ ಅಲ್ಲಿನ ಗಣಿಗಳಿಂದ ಒಟ್ಟು ೮೦೦ ಟನ್ನಿಗೂ ಮಿಗಿಲಾದ ಚಿನ್ನ ದೊರೆಯಿತು. ಆದರೆ ಪ್ರಪಂಚದ ಖನಿಜಗಳ ಪಟ್ಟಿಯಲ್ಲಿ ಕೋಲಾರದ ಹೆಸರು ಸ್ಥಿರವಾಗಿ ನಿಂತಿರುವುದು ಚಿನ್ನದಿಂದಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ರೂಪದಲ್ಲಿ ದೊರೆತ ಒಂದು ಅಪರೂಪದ ಖನಿಜದಿಂದ. ಅದರ ಹೆಸರು ಕೋಲಾರೈಟ್. ಅದರ ಜೊತೆಯಲ್ಲಿಯೇ ದೊರೆತ ಇನ್ನೊಂದು ಖನಿಜಕ್ಕೆ ರಾಧಾಕೃಷ್ಣಾಯಿಟ್ ಎಂದು ಹೆಸರು.

ಈ ಎರಡು ಖನಿಜಗಳು ಯಾವ ವರ್ಗಕ್ಕೆ ಸೇರಿದುವು? ಸೀಸ, ಗಂಧಕ ಮೊದಲಾದುವುಗಳ ಅದುರುಗಳ ನಡುವೆ ಇವು ಇರುವುದರಿಂದ, ಸಲ್ಫೋಲವಣಗಳೆಂಬ ಅಪರೂಪದ ಖನಿಜಗಳ ಗುಂಪಿಗೆ ಇವನ್ನೂ ಸೇರಿಸಬಹುದೆಂದು ತೋರುವುದು ಸ್ವಾಭಾವಿಕ. ಅದು ಸರಿಯೇ ಎಂಬುದನ್ನು ವಿಚಾರಮಾಡುವುದರಿಂದ, ಖನಿಜಗಳನ್ನು ವಿಜ್ಞಾನಿಗಳು ಯಾವ ಕ್ರಮದಿಂದ ವಿಂಗಡಿಸುತ್ತಾರೆಂಬುದು ನಮಗೆ ಚೆನ್ನಾಗಿ ಮನವರಿಕೆಯಾಗುತ್ತದೆ.

ಕಲ್ಲು ಮತ್ತು ಖನಿಜ

ಮೊದಲು ನಮ್ಮ ಕಣ್ಣೆದುರಿಗೆ ಇರುವುದನ್ನು ನೋಡೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಎಲ್ಲಿ ನಿಂತು ನೋಡಿದರೂ ಬೋಳು ಬಂಡೆಗಳ ಗುಡ್ಡಗಳು ಕಾಣುತ್ತವೆ. ಇವುಗಳಲ್ಲಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಕಲ್ಲುಗಳು. ಇಂಥ ಒಂದು ಕಲ್ಲಿನ ಚೂರನ್ನು ಬಿಸಿಲಿನಲ್ಲಿ ಹಿಡಿದು ಪರೀಕ್ಷಿಸಿದರೆ ಅದರಲ್ಲಿ ಗಾಜಿನಂತಹ ಬೆಣಚು, ಬಿಳುಪು ಅಥವಾ ನಸುಗೆಂಪಾದ ಫೆಲ್ಡ್‌ಸ್ಪಾರ್, ಮಿರುಗುವ ಕಪ್ಪು ಅಭ್ರಕ ಇವು ಬೇರೆಬೇರೆಯಾಗಿ ಕಾಣುತ್ತವೆ. ಇಡೀ ಚೂರು ಕಲ್ಲು. ಅದರೊಳಗಿನ ಒಂದೊಂದು ವಸ್ತುವೂ ಖನಿಜ. ಗೊತ್ತಾದ ರಾಸಾಯನಿಕ ಸಂಯೋಜನೆಯೂ, ಪರಮಾಣುಗಳ ಕ್ರಮಬದ್ಧವಾದ ಜೋಡಣೆಯೂ ಉಳ್ಳ ಪ್ರಕೃತಿಸಿದ್ಧ ವಸ್ತುವೇ ಖನಿಜವೆಂದು ಹೇಳಬಹುದು.

ಈ ನೈಸ್ ಮತ್ತು ಗ್ರಾನೈಟುಗಳ ನಡುವೆ, ಉತ್ತರ ದಕ್ಷಿಣವಾಗಿ ಸುಮಾರು ೮೦ ಕಿಲೋಮೀಟರು ಉದ್ದಕ್ಕೆ, ಕೆಲವೇ ಕಿಲೋಮೀಟರು ಅಗಲದ ಕಪ್ಪು ಕಲ್ಲುಗಳ ಪಟ್ಟಿಯೊಂದು ಹಬ್ಬಿದೆ. ಇದೇ ಕೋಲಾರದ ಶಿಸ್ಟ್ ಪಟ್ಟಿ. ಸುಮಾರು ೨೭೦ ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾರಸವು ಅನಂತರ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪಾಂತರ ಹೊಂದಿದುದೇ ಇದರ ಬಹುಭಾಗ. ಇದರ ಬಿರುಕುಗಳಲ್ಲಿ ಬಿಸಿನೀರಿನ ದ್ರಾವಣಗಳು ಹರಿದು, ಬೆಣಚನ್ನೂ ಅದರೊಡನೆ ಚಿನ್ನವನ್ನೂ ಇಳಿಸಿಹೋದುವು. ಹೀಗೆ ಉಂಟಾದ ಅದುರಿನ ಎಳೆಗಳನ್ನು ಗಣಿಗಾರರು ಲೋಡ್ ಎಂದು ಕರೆಯುತ್ತಿದ್ದರು. ಅವುಗಳಲ್ಲಿ ಪ್ರಖ್ಯಾತವಾದುದು ಚಾಂಪಿಯನ್ ಲೋಡ್. ಇದನ್ನು ಅನುಸರಿಸಿಯೇ ಗಣಿಯು ಸುಮಾರು ೩,೨೦೦ ಮೀಟರು ಆಳಕ್ಕೆ ಇಳಿದಿತ್ತು.

ಗಂಧಕ ಕೂಡಿದ ಖನಿಜಗಳು

ಚಾಂಪಿಯನ್ ಲೋಡಿನಲ್ಲಿ ಬೆಣಚೇ ಹೆಚ್ಚು. ಗಂಧಕದ ಖನಿಜಗಳು ಕಡಿಮೆ. ಅದಕ್ಕೆ ಪಶ್ಚಿಮದಲ್ಲಿದ್ದ ಲೋಡುಗಳಲ್ಲಾದರೋ ಗಂಧಕದ ಖನಿಜಗಳು ಹೇರಳವಾಗಿದ್ದುವು. ಒಂದು ಲೋಹವು ಗಂಧಕದೊಡನೆ ನೇರವಾಗಿ ಸಂಯೋಗ ಹೊಂದಿದರೆ ದೊರೆಯುವುದು ಸಲ್ಫೈಡ್. ಸೀಸವೂ ಗಂಧಕವೂ ಸೇರಿದ ಗೆಲೀನಾ, ಕಬ್ಬಿಣವೂ ಗಂಧಕವೂ ಸೇರಿದ ಪೈರೈಟ್ ಮತ್ತು ಪಿರೊಟೈಟ್, ತಾಮ್ರ ಕಬ್ಬಿಣಗಳೆರಡೂ ಗಂಧಕದೊಡನೆ ಸೇರಿದ ಚಾಲ್ಕೊಪೈರೈಟ್ ಇವು ಸಲ್ಫೈಡುಗಳು.

ಇವನ್ನು ಗುರುತಿಸಲು ಬೇಕಾದ ಉಪಕರಣಗಳು ಅಲ್ಪ. ಪೈರೈಟ್ ಹಳದಿಯಾಗಿ ಹೊಳೆದು ಚಿನ್ನವೆಂದು ಭ್ರಮೆಯುಂಟುಮಾಡುತ್ತದೆ. ಆದರೆ ಹೊಳಪಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಪೈರೈಟಿನ ಒರೆ ಹಸುರುಗಪ್ಪು. ಚಿನ್ನದ ಒರೆ ಹಳದಿಯೇ. ಪೈರೈಟಿನ ಕಾಠಿಣ್ಯ ೬ರಿಂದ ೬.೫; ಚಿನ್ನದ್ದು ೨.೫ರಿಂದ ೩. ಚಿನ್ನವನ್ನು ಬಡಿದರೆ ತಗಡಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಪಿರೊಟೈಟ್ ಅಯಸ್ಕಾಂತಕ್ಕೆ ಅಷ್ಟಿಷ್ಟು ಒಲಿಯುತ್ತದೆ. ಗೆಲೀನಾ ಬೂದುಬಣ್ಣದ್ದು, ನೀರಿಗಿಂತ ಏಳೂವರೆಯಷ್ಟು ಭಾರ, ಒಡೆದರೆ ಚಚ್ಚೌಕವಾಗಿ ಸೀಳುತ್ತದೆ.

ಸಲ್ಫೋಲವಣವೆಂದರೇನು?

ಲೋಹ ಮತ್ತು ಗಂಧಕಗಳ ಜೊತೆಗೆ ಆರ್ಸೆನಿಕ್, ಆಂಟಿಮನಿ, ಬಿಸ್ಮತ್ ಈ ಮೂರರಲ್ಲಿ ಒಂದಾದರೂ ಸೇರಿ, ವಿಶಿಷ್ಟವಾದ ರೀತಿಯಲ್ಲಿ ಜೋಡಣೆಗೊಂಡಿದ್ದರೆ ಅಂಥ ಖನಿಜವು ಸಲ್ಫೋಲವಣ. ಕೆಂಪು ಬೆಳ್ಳಿಯೆಂದು ಹೆಸರಾದ ಪ್ರೌಸ್ಟೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ೩ ಬೆಳ್ಳಿಯ ಪರಮಾಣುಗಳಿಗೆ ೧ ಆರ್ಸೆನಿಕ್ ಮತ್ತು ೩ ಗಂಧಕದ ಪರಮಾಣುಗಳಿರುತ್ತವೆ. ಆರ್ಸೆನಿಕ್ಕಿನ ಸ್ಥಾನದಲ್ಲಿ ಆಂಟಿಮನಿ ಇದ್ದರೆ ಅದು ಪೈರಾರ್ಗಿರೈಟ್. ಸೀಸ, ತಾಮ್ರ, ಆಂಟಿಮನಿ ಒಂದೊಂದೂ ಗಂಧಕ ಮೂರೂ ಕೂಡಿದುದು ಬೂರ್ನೊನೈಟ್. ಇಂಥ ಖನಿಜಗಳು ಇನ್ನೂರಕ್ಕೂ ಹೆಚ್ಚು ಈಗ ತಿಳಿದಿವೆ; ಅವುಗಳಲ್ಲಿ ಹಲವು ಬಹಳ ಅಪರೂಪ.

ಇವಕ್ಕೆ ಲವಣವೆಂಬ ಹೆಸರೇಕೆ? ಸಾಮಾನ್ಯ ಲವಣಗಳಲ್ಲಿ ಆಮ್ಲಜನಕವು ಇರುವೆಡೆಯಲ್ಲಿ ಇವುಗಳಲ್ಲಿ ಗಂಧಕವಿದೆಯೆಂದೂ, ಇವು ಗಂಧಕದಿಂದಾದ ಆಮ್ಲಗಳ ಲವಣಗಳೆಂದೂ ಹಿಂದಿನ ರಸಾಯನವಿಜ್ಞಾನಿಗಳು ಭಾವಿಸಿದ್ದರು. ಎಕ್ಸ್ ಕಿರಣಗಳಿಂದ ಸ್ಫಟಿಕಗಳ ಒಳರಚನೆಯನ್ನು ಕಾಣುವುದು ಸಾಧ್ಯವಾದ ಮೇಲೆ ಆ ವಿವರಣೆ ಹಿಂದೆ ಬಿತ್ತು. ಹೆಸರು ಮಾತ್ರ ಉಳಿಯಿತು. ಈಗ ಮುಖ್ಯವೆಂದು ಎಣಿಸುವುದು ಪರಮಾಣುಗಳ ಜೋಡಣೆ. ಮೂರು ಕಲ್ಲುಗಳ ಒಲೆಯ ಮೇಲೆ ಮಡಕೆಯನ್ನು ಇಟ್ಟಂತೆ, ಮೂರು ಗಂಧಕದ ಪರಮಾಣುಗಳು ಕೆಳಗೂ ಒಂದು ಆರ್ಸೆನಿಕ್ ಪರಮಾಣು ಮೇಲೂ ಇದ್ದು ಗೋಪುರದ ಆಕೃತಿಯಾಗುತ್ತದೆ. ಆರ್ಸೆನಿಕ್ಕಿನಲ್ಲಿ ಬಂಧಕ್ಕೆ ಒದಗದೆ ಉಳಿದ ಒಂದು ಜೋಡಿ ಎಲೆಕ್ಟ್ರಾನುಗಳು ಮೇಲ್ಭಾಗವನ್ನು ಆಕ್ರಮಿಸಿಕೊಂಡಿರುವುದರಿಂದ ಗಂಧಕಗಳು ಒಂದೇ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ. ಬಹುಪಾಲು ಸಲ್ಫೋಲವಣಗಳ ಗುರುತು ಇದೇ.

ಇಲ್ಲಿ ಕೋಲಾರದ್ದೇ ಆದ ಒಂದು ನಿದರ್ಶನವನ್ನು ಗಮನಿಸಬೇಕು. ಪಶ್ಚಿಮದ ಲೋಡುಗಳಲ್ಲಿ ಆರ್ಸೆನೊಪೈರೈಟ್ ಎಂಬ ಖನಿಜ ದೊರೆಯುತ್ತಿತ್ತು. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಇವೆ. ಪದಾರ್ಥಗಳ ಪಟ್ಟಿಯನ್ನು ಮಾತ್ರ ನೋಡಿದರೆ ಅದು ಸಲ್ಫೋಲವಣವೇ ಆಗಬೇಕು. ಆದರೆ ಆಗುವುದಿಲ್ಲ! ಏಕೆಂದರೆ ಅದರಲ್ಲಿ ಆರ್ಸೆನಿಕ್ ಮೂರು ಗಂಧಕಗಳ ಮೇಲೆ ಕುಳಿತಿಲ್ಲ. ಒಂದು ಗಂಧಕದೊಡನೆ ಜೋಡಿಯಾಗಿ, ಗಂಧಕದ ಕೆಲಸವನ್ನೇ ಹಂಚಿಕೊಂಡಿದೆ. ಆದುದರಿಂದ ಅದನ್ನು ಪೈರೈಟಿನ ಬಂಧುಗಳೊಡನೆ ಇಡುತ್ತಾರೆ. ಏನೇನು ಕೂಡಿದೆ ಎಂಬುದಷ್ಟೇ ಸಾಲದು, ಹೇಗೆ ಕೂಡಿದೆ ಎಂಬುದೂ ತಿಳಿದಿರಬೇಕು ಎಂಬುದು ಇದರಿಂದ ಸ್ಪಷ್ಟ.

ಕೋಲಾರೈಟಿನ ಪರಿಚಯ

ಚಾಂಪಿಯನ್ ಲೋಡಿನ ಅದುರನ್ನು ರಷ್ಯದ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಪರಿಶೀಲಿಸಿ, ಎರಡು ಹೊಸ ಖನಿಜಗಳ ವಿವರಣೆಯನ್ನು ೧೯೮೫ರಲ್ಲಿ ಕೆನಡದ ಖನಿಜವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದಕ್ಕೆ ಊರಿನ ಹೆಸರನ್ನೂ, ಇನ್ನೊಂದಕ್ಕೆ ನಮ್ಮ ನಾಡಿನ ಹೆಸರಾಂತ ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರ (೧೯೧೮–೨೦೧೨) ಹೆಸರನ್ನೂ ಇಟ್ಟರು.

ಇಷ್ಟು ಸಣ್ಣ ಕಣಗಳಿಗೆ ಒರೆ, ತೂಕ, ಸೀಳುಗಳ ಪರೀಕ್ಷೆ ನಡೆಯದು. ಇಂಥಲ್ಲಿ ಅದುರಿನ ತುಂಡನ್ನು ಕನ್ನಡಿಯಂತೆ ನುಣುಪುಮಾಡಿ, ಮೇಲಿನಿಂದ ಬೆಳಕು ಬಿಟ್ಟು, ಪ್ರತಿಫಲಿಸಿದ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೊಂದು ಖನಿಜವೂ ಬೆಳಕನ್ನು ತನ್ನದೇ ಪ್ರಮಾಣದಲ್ಲಿ ಹಿಂದಿರುಗಿಸುತ್ತದೆ. ಅನಂತರ ಎಲೆಕ್ಟ್ರಾನುಗಳ ಸೂಜಿಮೊನೆಯಂತಹ ಕಿರಣವನ್ನು ಕಣದ ಮೇಲೆ ಬೀಳಿಸುತ್ತಾರೆ. ಆಗ ಕಣದೊಳಗಿನ ಪ್ರತಿಯೊಂದು ಧಾತುವೂ ತನಗೆ ವಿಶಿಷ್ಟವಾದ ಎಕ್ಸ್ ಕಿರಣವನ್ನು ಹೊರಸೂಸುತ್ತದೆ. ಅದನ್ನು ಅಳೆದು ಯಾವ ಧಾತು ಎಷ್ಟಿದೆಯೆಂದು ನಿರ್ಧರಿಸುತ್ತಾರೆ. ಈ ಉಪಕರಣವು ೧೯೫೦ರ ಸುಮಾರಿಗೆ ಫ್ರಾನ್ಸಿನಲ್ಲಿ ರೂಪುಗೊಂಡಿತು.

ಕೋಲಾರೈಟಿನಲ್ಲಿ ೧ ಸೀಸ, ೧ ಟೆಲ್ಲೂರಿಯಂ, ೨ ಕ್ಲೋರಿನ್ ಪರಮಾಣುಗಳಿವೆ. ಇದರಿಂದ ಶೇಕಡಾವಾರು ಪ್ರಮಾಣವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಸೀಸದ ಪರಮಾಣುಭಾರ ೨೦೭.೨, ಟೆಲ್ಲೂರಿಯಮ್ಮಿನದು ೧೨೭.೬, ಎರಡು ಕ್ಲೋರಿನ್‌ಗಳದು ೭೦.೯, ಒಟ್ಟು ೪೦೫.೭. ಆದುದರಿಂದ ನೂರು ಭಾಗ ಕೋಲಾರೈಟಿನಲ್ಲಿ ಸೀಸ ೫೧.೦೭, ಟೆಲ್ಲೂರಿಯಂ ೩೧.೪೫, ಕ್ಲೋರಿನ್ ೧೭.೪೮ ಭಾಗಗಳಿರಬೇಕು. ರಾಧಾಕೃಷ್ಣಾಯಿಟಿನಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಲೂರಿಯಂ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಟೆಲ್ಲೂರಿಯಮ್ಮೇ. ಅಲ್ಲದೆ ಅದರಲ್ಲಿ ಕ್ಲೋರಿನ್ನಿನ ಒಂದಂಶವನ್ನು ಗಂಧಕವು ಆಕ್ರಮಿಸಿದೆ.

ಹಾಗಾದರೆ ಇವು ಸಲ್ಫೋಲವಣಗಳೇ? ಅಲ್ಲ. ಆರ್ಸೆನಿಕ್, ಆಂಟಿಮನಿ, ಬಿಸ್ಮತ್ ಇವುಗಳಲ್ಲಿ ಒಂದೂ ಇವುಗಳ ರಚನೆಗೆ ಆಧಾರವಾಗಿಲ್ಲ; ಕೋಲಾರೈಟಿನ ಸೂತ್ರದಲ್ಲಿ ಗಂಧಕವೇ ಇಲ್ಲ. ಹಾಗಾದರೆ ಕ್ಲೋರಿನ್ ಇರುವುದರಿಂದ ಅಡುಗೆಯುಪ್ಪಿನ ಜಾತಿಗೆ ಸೇರಿಸೋಣವೇ? ಅದೂ ಸರಿಹೊಂದದು. ಗಂಧಕ, ಸೆಲೆನಿಯಂ, ಟೆಲ್ಲೂರಿಯಂ ಧಾತುಗಳ ಪಟ್ಟಿಯಲ್ಲಿ ಒಂದೇ ಕಂಬಸಾಲಿನ ಸೋದರರು. ಆದುದರಿಂದ ಟೆಲ್ಲೂರಿಯಮ್ಮಿನ ಖನಿಜಗಳನ್ನು ಸಲ್ಫೈಡುಗಳ ಮಹಾವರ್ಗದಲ್ಲಿಯೇ ಇಡುವುದು ವಾಡಿಕೆ. ಆ ಮಹಾವರ್ಗದೊಳಗೆ ಕ್ಲೋರಿನ್ನಿನಂತಹ ಧಾತುವನ್ನೂ ಕೂಡಿಸಿಕೊಂಡಿರುವ ಖನಿಜಗಳಿಗೆಂದು ಒಂದು ಸಣ್ಣ ವಿಭಾಗವುಂಟು. ಕೋಲಾರೈಟಿಗೂ ರಾಧಾಕೃಷ್ಣಾಯಿಟಿಗೂ ಅಲ್ಲಿ ಸ್ಥಾನ. ಸಲ್ಫೋಲವಣಗಳು ಅದೇ ಮಹಾವರ್ಗದ ಬೇರೆ ವಿಭಾಗಗಳಲ್ಲಿವೆ. ಮನೆ ಒಂದೇ, ಕೋಣೆ ಬೇರೆ.

ವಿಂಗಡಣೆಯಿಂದ ಏನು ಪ್ರಯೋಜನ?

ಕಾಣದ ಕಣವೊಂದು ಈ ಕೋಣೆಯಲ್ಲಿದ್ದರೇನು, ಆ ಕೋಣೆಯಲ್ಲಿದ್ದರೇನು ಎಂದು ಯಾರಾದರೂ ಕೇಳಬಹುದು. ಆಸ್ಟ್ರೇಲಿಯದ ಕಾಲ್ಗೂರ್ಲಿಯ ಗಣಿಗಳ ಕಥೆ ಇದಕ್ಕೆ ತಕ್ಕ ಉತ್ತರ. ೧೮೯೩ರಲ್ಲಿ ಅಲ್ಲಿ ಚಿನ್ನ ಕಂಡ ಮೇಲೆ, ಅದುರಿನೊಡನೆ ಬಂದ ಹಳದಿ ಖನಿಜವೊಂದನ್ನು ಬರಿಯ ಪೈರೈಟೆಂದು ತಿಳಿದು ಎಸೆದರು. ಅದರಿಂದ ರಸ್ತೆಯ ಹಳ್ಳಗಳನ್ನೂ ತುಂಬಿದರು. ಅದು ಚಿನ್ನ ಟೆಲ್ಲೂರಿಯಂಗಳ ಸಂಯುಕ್ತವೆಂದು ಗೊತ್ತಾದದ್ದು ೧೮೯೬ರಲ್ಲಿ. ಆಮೇಲೆ ಜನರು ರಸ್ತೆಗಳನ್ನೇ ಅಗೆದರು! ಹೆಸರು ತಪ್ಪಿದರೆ ಸಂಪತ್ತು ಕಾಲಕೆಳಗೆ ಹೋಗುತ್ತದೆ.

ಚಿನ್ನವನ್ನು ಬೇರ್ಪಡಿಸುವ ಕೆಲಸಕ್ಕೂ ಈ ಜ್ಞಾನ ಅವಶ್ಯ. ಬಿಡಿಯಾಗಿರುವ ಚಿನ್ನವು ಸಯನೈಡ್ ದ್ರಾವಣದಲ್ಲಿ ಸುಲಭವಾಗಿ ಕರಗುತ್ತದೆ. ಟೆಲ್ಲೂರಿಯಮ್ಮಿನೊಡನೆ ಸೇರಿದ ಚಿನ್ನ ಬಹಳ ನಿಧಾನವಾಗಿ ಕರಗುತ್ತದೆ. ಆರ್ಸೆನೊಪೈರೈಟಿನೊಳಗೆ ಸೆರೆಯಾದ ಚಿನ್ನವನ್ನು ದ್ರಾವಣವು ಮುಟ್ಟಲಾರದು. ಅದನ್ನು ಹುರಿದರೆ ಆರ್ಸೆನಿಕ್ಕಿನ ವಿಷದ ಹೊಗೆ ಏಳುತ್ತದೆ. ಗಣಿಗಳ ಸುತ್ತ ೩ ಕೋಟಿ ಟನ್ನಿಗೂ ಮಿಗಿಲಾದ ಸಯನೈಡ್ ಮಣ್ಣಿನ ದಿಬ್ಬಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಉಳಿದ ಅಲ್ಪಸ್ವಲ್ಪ ಚಿನ್ನವನ್ನು ತೆಗೆಯುವುದೇ ಆಗಲಿ, ಅವುಗಳ ಧೂಳಿನಿಂದ ಜನರನ್ನು ಕಾಪಾಡುವುದೇ ಆಗಲಿ, ಅಲ್ಲಿರುವ ಖನಿಜಗಳು ಯಾವುವು ಎಂಬ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಕೊನೆಯದಾಗಿ ಇನ್ನೊಂದು ಮಾತು. ಕ್ಲೋರಿನ್ ಕೂಡಿದ ಈ ಖನಿಜಗಳು, ಬಿರುಕುಗಳಲ್ಲಿ ಹರಿದ ದ್ರಾವಣಗಳಲ್ಲಿ ಕ್ಲೋರಿನ್ ಇದ್ದಿತೆಂಬುದಕ್ಕೆ ಸಾಕ್ಷಿಗಳು. ಆ ಸಾಕ್ಷಿ ದೊರೆತ ಗಣಿ ಈಗ ಮುಚ್ಚಿದೆ. ಆಳದ ಲೋಡಿನಿಂದ ಹೊಸ ತುಂಡನ್ನು ತರುವ ದಾರಿಯಿಲ್ಲ. ಗಣಿ ನಡೆಯುತ್ತಿದ್ದಾಗ ಸಂಗ್ರಹಿಸಿದ ಅದುರಿನ ತುಂಡುಗಳು ಕಾಲೇಜುಗಳ ಕಪಾಟುಗಳಲ್ಲಿಯೂ ಮನೆಗಳಲ್ಲಿಯೂ ಇದ್ದರೆ ಅವು ಕೇವಲ ಅಲಂಕಾರದ ವಸ್ತುಗಳಲ್ಲ. ಅಂಥ ತುಂಡಿನ ಮೇಲೆ ಅದು ಯಾವ ಗಣಿಯಿಂದ, ಯಾವ ಲೋಡಿನಿಂದ, ಎಷ್ಟು ಆಳದಿಂದ ಬಂದುದೆಂದು ತಿಳಿದವರಿಂದ ಕೇಳಿ ಬರೆದಿಡುವುದು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಊರು ಗೊತ್ತಿಲ್ಲದ ಕಲ್ಲು ಬರಿಯ ಕಲ್ಲು. ಊರು ಗೊತ್ತಿರುವ ಕಲ್ಲು ವಿಜ್ಞಾನಕ್ಕೆ ಒದಗುವ ಸಾಮಗ್ರಿ.