ಕನ್ನಡ ಮೀಡಿಯಂ ಟೀಚರಿಗೆ ತಾಂಜಾನಿಯಾದಲ್ಲಿ ಏನು ಕೆಲಸ?

ಪ್ರಶ್ನೆ: ಗಣಿತದಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್. ಮಾಡಿ ಕೆಲವು ವರ್ಷ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡಿದ್ದೇನೆ. ನಮ್ಮ ಚರ್ಚಿಗೆ ಬರುವ ಸಿಸ್ಟರೊಬ್ಬರ ಮೂಲಕ ತಾಂಜಾನಿಯಾದ ಇರಿಂಗಾ ಕಡೆಯ ಮಿಶನ್ ಶಾಲೆಯಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಕಲಿಸುವ ಅವಕಾಶ ಬಂದಿದೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಇಂಗ್ಲಿಷ್ ಮಾತಾಡುವಾಗ ಈಗಲೂ ತಡವರಿಸುತ್ತೇನೆ. ಅಲ್ಲಿ ಹೊಂದಿಕೊಳ್ಳುವುದು ತುಂಬ ಕಷ್ಟವೇ? ಊಟ, ಸೆಕೆ, ಮಲೇರಿಯಾ, ಜನ ಎಲ್ಲದರ ಬಗ್ಗೆ ಭಯವಿದೆ. ಉಪ್ಪಿನಕಾಯಿ ಒಯ್ಯಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಉಪ್ಪಿನಕಾಯಿ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಇಂಗ್ಲಿಷ್. ಅದನ್ನು ನೀವು ನಿಮ್ಮ ಕೊರತೆ ಎಂದು ಬರೆದಿದ್ದೀರಿ. ಅದೇ ಸೀಮೆಯ ಒಂದು ಮಿಶನ್ ಶಾಲೆಯಲ್ಲಿ ಪಾಠ ಮಾಡಿ ಬಂದ ನನಗೆ, ನಿಮ್ಮ ಬಿ.ಎಡ್.ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆ ತಡವರಿಕೆಯೇ ಅನ್ನಿಸುತ್ತದೆ.

ಕಾರಣ ಇಷ್ಟು. ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠವೆಲ್ಲ ಸ್ವಾಹಿಲಿಯಲ್ಲಿ. ಇಂಗ್ಲಿಷ್ ಅಲ್ಲಿ ಒಂದು ವಿಷಯ ಮಾತ್ರ. ಪ್ರಾಥಮಿಕದ ಏಳು ವರ್ಷ ಮುಗಿಸಿ (ಇದನ್ನು ಆರಕ್ಕೆ ಇಳಿಸುವ ಬದಲಾವಣೆ ಈಗ ನಡೆದಿದೆ) ಮಗು ಸೆಕೆಂಡರಿ ಶಾಲೆಯ ಫಾರ್ಮ್ ಒನ್‌ಗೆ ಕಾಲಿಟ್ಟ ದಿನದಿಂದ ಸ್ವಾಹಿಲಿ ಪಾಠ ಬಿಟ್ಟು ಉಳಿದದ್ದು ಬಹುಪಾಲು ಇಂಗ್ಲಿಷ್: ಗಣಿತ, ಜೀವಶಾಸ್ತ್ರ, ಭೂಗೋಳ. ಫಾರ್ಮ್ ಟೂನಲ್ಲಿ ಒಂದು ರಾಷ್ಟ್ರಮಟ್ಟದ ಪರೀಕ್ಷೆ, ಫಾರ್ಮ್ ಫೋರ್‌ನಲ್ಲಿ ಇನ್ನೊಂದು. ಎರಡನ್ನೂ ನಡೆಸುವುದು ನೆಕ್ಟಾ ಎಂಬ ಪರೀಕ್ಷಾ ಮಂಡಳಿ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸಿಗೆ ಸೇರಿದ ಮೊದಲ ತಿಂಗಳು ನಿಮಗೆ ನೆನಪಿದ್ದರೆ ಉಳಿದದ್ದನ್ನು ನಾನು ವಿವರಿಸಬೇಕಾಗಿಲ್ಲ. ನಿಮಗೆ ಆಗ ಹದಿನಾರು ವರ್ಷ. ಈ ಮಕ್ಕಳಿಗೆ ಹದಿಮೂರೋ ಹದಿನಾಲ್ಕೋ.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ. ರೈತನ ಬಳಿ ಹಸುಗಳ ಮೂರರಷ್ಟು ಆಡುಗಳಿವೆ, ಎಲ್ಲ ಸೇರಿ ನಲವತ್ತೆಂಟು, ಹಸು ಎಷ್ಟು ಎಂಬ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಂಡರು. ಅರ್ಥವಾಯಿತೇ ಎಂದರೆ ಇಡೀ ಕ್ಲಾಸು ಒಂದೇ ರಾಗದಲ್ಲಿ ‘ಯೆಸ್ ಮೇಡಂ’ ಎಂದಿತು. ಕಿಟಕಿ ಪಕ್ಕದ ಹುಡುಗಿ ಎಕ್ಸ್ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಪೆನ್ನು ಎತ್ತಿ ಹಿಡಿದು ಕೂತಿದ್ದಳು. ಬಗ್ಗಿ ‘ಮಾರಾ ತಾತು’ ಎಂದೆ, ಮೂರು ಪಟ್ಟು ಎಂದು. ಅಷ್ಟೇ. ಅವಳು ಹನ್ನೆರಡು ಎಂದು ಉತ್ತರ ಬರೆದು ಪೆನ್ನಿಗೆ ಟೋಪಿ ಹಾಕಿದಳು. ಲೆಕ್ಕ ಅವಳಿಗೆ ಬರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ನಿರರ್ಗಳವಾಗಿ ಇಂಗ್ಲಿಷ್ ಮಾತಾಡುವ ಯುರೋಪಿನ ಸ್ವಯಂಸೇವಕರನ್ನು ಆ ‘ಯೆಸ್ ಮೇಡಂ’ ತಿಂಗಳುಗಟ್ಟಲೆ ನಂಬಿಸಿಬಿಡುತ್ತದೆ. ನೀವು ಮೋಸಹೋಗಲಾರಿರಿ, ಏಕೆಂದರೆ ನೀವೂ ಒಂದು ಕಾಲಕ್ಕೆ ಹಾಗೇ ‘ಯೆಸ್ ಮಿಸ್’ ಎಂದವರು.

ಆದ್ದರಿಂದ ಹೋಗುವ ಮೊದಲು ಇಂಗ್ಲಿಷ್ ಸ್ಪೀಕಿಂಗ್ ಕೋರ್ಸಿಗೆ ದುಡ್ಡು ಸುರಿಯುವ ಬದಲು ಗಣಿತದ ನೂರಿನ್ನೂರು ಸ್ವಾಹಿಲಿ ಪದ ಕಲಿಯಿರಿ. ಜುಮ್ಲಿಶಾ ಕೂಡು, ತೋವಾ ಕಳೆ, ಜಿದಿಶಾ ಗುಣಿಸು, ಗಾವನ್ಯಾ ಭಾಗಿಸು, ಪೆಂಬೆತಾತು ತ್ರಿಕೋನ. ಬೋರ್ಡಿನ ಒಂದು ಮೂಲೆಯಲ್ಲಿ ಇಂಗ್ಲಿಷ್ ಪದ, ಅದರೆದುರು ಸ್ವಾಹಿಲಿ ಪದ ಬರೆದು ದಿನವಿಡೀ ಅಳಿಸದೆ ಬಿಡಿ. ಒಂದು ಎಚ್ಚರಿಕೆ: ಕೆಲವು ಶಾಲೆಗಳಲ್ಲಿ ಆವರಣದೊಳಗೆ ಸ್ವಾಹಿಲಿ ಮಾತಾಡಿದರೆ ಶಿಕ್ಷೆ ಉಂಟು. ನಮ್ಮ ಕಾನ್ವೆಂಟುಗಳ ಕನ್ನಡದ ಫೈನ್ ನೆನಪಾಗಬಹುದು. ನಿಮ್ಮ ಶಾಲೆಯ ನಿಯಮ ಏನೆಂದು ಮುಖ್ಯೋಪಾಧ್ಯಾಯಿನಿಯ ಬಳಿ ಮೊದಲೇ ಮಾತಾಡಿಕೊಳ್ಳಿ. ಮಕ್ಕಳ ಮುಂದೆ ನಿಯಮ ಮುರಿದು ಒಳ್ಳೆಯವರಾಗುವುದು ಸುಲಭ. ನೀವು ವಾಪಸು ಬಂದ ಮೇಲೆ ಅದರ ಫಲ ಉಣ್ಣುವವರು ಅವರು.

ಇದರ ಜೊತೆಗೇ ಹೇಳಬೇಕಾದದ್ದು ಬೆತ್ತದ ಮಾತು. ಮೊದಲ ವಾರವೇ ಅದನ್ನು ನೋಡುತ್ತೀರಿ, ಈಗಲೇ ತಿಳಿದಿರಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ತಾಂಜಾನಿಯಾದ ಕಾನೂನು ಶಾಲೆಯಲ್ಲಿ ಬೆತ್ತಕ್ಕೆ ಅವಕಾಶ ಕೊಟ್ಟಿದೆ. ಯಾರು ಹೊಡೆಯಬೇಕು, ಎಷ್ಟು ಏಟು ಎಂಬುದಕ್ಕೆ ನಿಯಮವಿದ್ದರೂ ಪಾಲಿಸುವವರು ಕಡಿಮೆ. ನೀವು ಬೆತ್ತ ಮುಟ್ಟಬೇಡಿ, ‘ನನ್ನ ಪರವಾಗಿ ನೀವು ನಾಲ್ಕು ಕೊಡಿ’ ಎಂದು ಬೇರೆ ಮೇಷ್ಟ್ರಿಗೆ ಮಕ್ಕಳನ್ನು ಒಪ್ಪಿಸಲೂ ಬೇಡಿ. ಹಾಗೆಂದು ಸ್ಟಾಫ್ ರೂಮಿನಲ್ಲಿ ಮಾನವ ಹಕ್ಕಿನ ಭಾಷಣಕ್ಕೂ ನಿಲ್ಲಬೇಡಿ. ನಮ್ಮ ಮನೆಗಳಲ್ಲಿ ಕೋಲು ಇನ್ನೂ ಅಟ್ಟ ಸೇರಿಲ್ಲ. ಹೊಡೆಯದೆಯೂ ಕ್ಲಾಸು ನಡೆಯುತ್ತದೆ ಎನ್ನುವುದನ್ನು ಬಾಯಲ್ಲಿ ಹೇಳಬೇಡಿ, ನಡೆಸಿ ತೋರಿಸಿ. ಅದಕ್ಕೆ ಸಮಯ ಹಿಡಿಯುತ್ತದೆ, ಕೆಲವು ದಿನ ನಿಮ್ಮ ಕ್ಲಾಸೇ ಶಾಲೆಯಲ್ಲಿ ಅತಿ ಗಲಾಟೆಯದ್ದಾಗಿರುತ್ತದೆ.

‘ಮಿಶನ್’ ಎಂದಾಕ್ಷಣ ನಮ್ಮ ಕಣ್ಣಿಗೆ ಬಿಳಿ ಪಾದ್ರಿ, ಅವರ ಸುತ್ತ ಬಡಮಕ್ಕಳು ಬರುತ್ತಾರಲ್ಲ, ಆ ಚಿತ್ರ ಬಿಟ್ಟು ಹೊರಡಿ. ಕೆಥೊಲಿಕ್ ಮಿಶನರಿಗಳು ಬಗಮೊಯೊದಲ್ಲಿ ನೆಲೆಯೂರಿದ್ದು 1868ರಲ್ಲಿ. ಜರ್ಮನ್ ಬೆನೆಡಿಕ್ಟೈನರು ದಕ್ಷಿಣದ ಪೆರಮಿಹೊದಲ್ಲಿ ಮಠ ಕಟ್ಟಿದ್ದು 1898ರಲ್ಲಿ. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ತಬೋರಾ ಮತ್ತು ಪುಗುವಿನ ಮಿಶನ್ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವರು. ಜನ ಅವರನ್ನು ಇವತ್ತಿಗೂ ಕರೆಯುವುದು ಮ್ವಾಲಿಮು, ಅಂದರೆ ಮೇಷ್ಟ್ರು, ಎಂದೇ. ಅದೇ ಮೇಷ್ಟ್ರ ಸರ್ಕಾರ 1969ರ ಶಿಕ್ಷಣ ಕಾಯ್ದೆಯ ನಂತರ ಮಿಶನ್ ಶಾಲೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಈಗಿನ ಚರ್ಚ್ ಶಾಲೆಗಳಲ್ಲಿ ಬಹಳಷ್ಟು ಆಮೇಲೆ ಮತ್ತೆ ಕಟ್ಟಿದವು. 1980ರಲ್ಲಿ ಸಲೇಸಿಯನ್ ಸಭೆಯವರು ಇರಿಂಗಾ, ಮಫಿಂಗಾ, ದೊದೊಮಾ ಕಡೆ ಕೆಲಸ ಶುರುಮಾಡಿದಾಗ ಬಂದವರಲ್ಲಿ ಭಾರತದ ಪಾದ್ರಿಗಳೂ ಇದ್ದರು, ನೀವೇನೂ ಮೊದಲಿಗರಲ್ಲ. ಇವತ್ತು ಇಂಥ ಎಷ್ಟೋ ಶಾಲೆಗಳನ್ನು ನಡೆಸುತ್ತಿರುವವರು ಅಲ್ಲಿನ ಸಿಸ್ಟರುಗಳು, ಅಲ್ಲಿನ ಫಾದರುಗಳು. 2016ರಿಂದ ಸರ್ಕಾರಿ ಸೆಕೆಂಡರಿ ಶಾಲೆಗಳಲ್ಲಿ ಫೀಸಿಲ್ಲ. ಆದರೂ ತಂದೆತಾಯಿ ಸಾಲಸೋಲ ಮಾಡಿ ಮಿಶನ್ ಶಾಲೆಗೆ ಕಳಿಸುವುದು ರಿಸಲ್ಟಿಗಾಗಿ. ಹಾಗಾಗಿ ನಿಮ್ಮಿಂದ ಅವರು ನಿರೀಕ್ಷಿಸುವುದು ತ್ಯಾಗದ ಮುಖವನ್ನಲ್ಲ, ಸಿಲೆಬಸ್ ಮುಗಿಸುವುದನ್ನು. ಹೋದ ಮೊದಲ ದಿನಗಳಲ್ಲಿ ಪಾಠಕ್ಕೆ ನಿಲ್ಲುವ ಮುಂಚೆ ಅಲ್ಲಿನ ಗಣಿತದ ಮೇಷ್ಟ್ರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ತರಬೇತಿ ಎಂದರೆ ಅದೇ.

ನಿಮ್ಮ ಕ್ಲಾಸಿನಲ್ಲಿ ಮುಸ್ಲಿಂ ಮಕ್ಕಳೂ ಇರಬಹುದು. ಗಣಿತದ ಪೀರಿಯಡ್ಡಿನಲ್ಲಿ ಧರ್ಮಬೋಧೆ ಯಾರೂ ಕೇಳುವುದಿಲ್ಲ, ನೀವೂ ಮಾಡಬೇಡಿ. ಭಾನುವಾರದ ಪೂಜೆ ಬೇರೆಯೇ ಲೋಕ: ನಗಾರಿ, ಕುಣಿತ, ಹೆಂಗಸರ ಉಲುಲು ಧ್ವನಿ. ಹಬ್ಬದ ದಿನವಾದರೆ ಮೂರು ಗಂಟೆ ಕಳೆದರೂ ಮುಗಿಯದು. ಕಾಣಿಕೆಗೆ ಬಂದ ಕೋಳಿ, ಮೊಟ್ಟೆ, ಜೋಳವನ್ನು ಕೆಲವು ಚರ್ಚುಗಳಲ್ಲಿ ಅಂಗಳದಲ್ಲೇ ಹರಾಜು ಹಾಕುತ್ತಾರೆ. ಕರಾವಳಿಯ ಚರ್ಚುಗಳ ಏಲಂ ಕಂಡ ನಿಮಗೆ ಅಲ್ಲಿ ಕೂಗಲು ಭಾಷೆ ಬರಬೇಕಿಲ್ಲ.

ಜನರ ಬಗ್ಗೆ ಕೇಳಿದ್ದೀರಿ. ವಂದನೆ ಒಂದನ್ನು ಸರಿಯಾಗಿ ಕಲಿತರೆ ಅರ್ಧ ದಾರಿ ಮುಗಿದಂತೆ. ಕಿರಿಯರು ಹಿರಿಯರಿಗೆ ‘ಶಿಕಮೋ’ ಎನ್ನಬೇಕು, ಹಿರಿಯರು ‘ಮರಹಬಾ’ ಎನ್ನುತ್ತಾರೆ. ಮಕ್ಕಳು ನಿಮಗೆ ದಿನಕ್ಕೆ ನೂರು ಸಲ ಶಿಕಮೋ ಹೇಳುತ್ತಾರೆ, ಉತ್ತರಿಸದೆ ದಾಟಬೇಡಿ. ನೀವು ಹೇಳಬೇಕಾದದ್ದು ಯಾರಿಗೆ ಎಂಬುದರಲ್ಲಿ ನಮ್ಮವರು ಜಾರುತ್ತಾರೆ. ಗೇಟಿನ ಕಾವಲುಗಾರ, ಅಡುಗೆಮನೆಯ ಅಜ್ಜಿ ನಿಮಗಿಂತ ಹಿರಿಯರಾಗಿದ್ದರೆ ಮೊದಲು ಶಿಕಮೋ ಎನ್ನಬೇಕಾದವರು ನೀವು. ಅಲ್ಲಿ ಲೆಕ್ಕಕ್ಕೆ ಬರುವುದು ವಯಸ್ಸು.

ಇನ್ನೊಂದು, ನಿಮ್ಮನ್ನು ಅಲ್ಲಿ ಯಾರೂ ಸುಮ್ಮನೆ ‘ವಿದೇಶಿ’ ಎಂದು ನೋಡುವುದಿಲ್ಲ. ನೀವು ‘ಮ್ಹಿಂದಿ’, ಭಾರತದವಳು. ಪೂರ್ವ ಆಫ್ರಿಕದ ಪೇಟೆಗಳಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟವರು ಗುಜರಾತಿಗಳು. ಆದ್ದರಿಂದ ನಿಮಗೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, ಪೇಟೆಯಲ್ಲಿ ನಿಮ್ಮ ಅಂಗಡಿ ಯಾವುದು. ಅಂಗಡಿಯವರಿಗೂ ಸ್ಥಳೀಯರಿಗೂ ನಡುವೆ ಹಳೆಯ ಕಸಿವಿಸಿಗಳಿವೆ. ಅವುಗಳಲ್ಲಿ ನಮ್ಮವರ ಬಣ್ಣದ ಮದವೂ ಸೇರಿದೆ ಎಂದು ಒಪ್ಪಿಕೊಂಡರೆ ನಷ್ಟವಿಲ್ಲ. ನೀವು ಬೆಂಗಳೂರಿನ ಹೆಸರು ಹೇಳಿದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ 2016ರ ಮಾತು ತೆಗೆಯಬಹುದು. ಆ ವರ್ಷದ ಜನವರಿ ಕೊನೆಗೆ ಬೆಂಗಳೂರಿನ ಹೆಸರಘಟ್ಟ ಕಡೆ ಅಪಘಾತವೊಂದರಲ್ಲಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಕಾರು ಓಡಿಸುತ್ತಿದ್ದವನು ಸುಡಾನಿನ ವಿದ್ಯಾರ್ಥಿ. ಸಿಟ್ಟಿಗೆದ್ದ ಗುಂಪು ಹೊಡೆದದ್ದು ಆಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು. ಅದನ್ನು ಸಮರ್ಥಿಸುವ ವಿವರಣೆಗೆ ಕೈಹಾಕಬೇಡಿ. ನಡೆದದ್ದು ನಾಚಿಕೆಗೇಡು ಎಂದು ಹೇಳಿ, ಅವರು ಇನ್ನೇನು ಕೇಳುತ್ತಾರೋ ಕೇಳಲಿ.

ಅವರ ಚರಿತ್ರೆಯನ್ನೂ ಸ್ವಲ್ಪ ಓದಿಕೊಂಡು ಹೋಗಿ. ಇರಿಂಗಾ ಹೆಹೆ ಜನರ ನಾಡು. ಅವರ ದೊರೆ ಮ್ಕ್ವಾವಾ 1891ರಲ್ಲಿ ಲುಗಾಲೊದಲ್ಲಿ ಜರ್ಮನ್ ಪಡೆಯನ್ನು ಸೋಲಿಸಿದ, 1898ರಲ್ಲಿ ಸೆರೆ ಸಿಕ್ಕುವ ಬದಲು ಪ್ರಾಣ ಬಿಟ್ಟ. ಜರ್ಮನ್ನರು ಒಯ್ದ ಅವನ ತಲೆಬುರುಡೆಯನ್ನು ಹಿಂದಿರುಗಿಸಬೇಕೆಂದು 1919ರ ವರ್ಸೈ ಒಪ್ಪಂದದಲ್ಲೇ ಬರೆಯಲಾಯಿತು. ಅದು ಬಂದದ್ದು 1954ರಲ್ಲಿ. ಇರಿಂಗಾದ ಹತ್ತಿರ ಕಲೆಂಗಾದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಮಕ್ಕಳೊಂದಿಗೆ ಅಲ್ಲಿಗೊಮ್ಮೆ ಹೋಗಿ ಬನ್ನಿ. ತರಗತಿಯಲ್ಲಿ ಬಾಯಿ ಬಿಡದವರು ಅಲ್ಲಿ ನಿಮಗೆ ಮೇಷ್ಟ್ರಾಗುತ್ತಾರೆ.

ಗಡಿಯಾರ ಮೊದಲ ದಿನಗಳಲ್ಲಿ ಗೊಂದಲ ಮಾಡುತ್ತದೆ. ಸ್ವಾಹಿಲಿಯವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ಎಂಟು ಎರಡು ಗಂಟೆ, ಮಧ್ಯಾಹ್ನ ಹನ್ನೆರಡು ಆರು ಗಂಟೆ. ಟೈಮ್ ಟೇಬಲ್ಲಿನಲ್ಲಿ ಎಂಟು ಎಂದೇ ಬರೆದಿರುತ್ತದೆ, ಬಾಯಲ್ಲಿ ‘ಸಾ ಮ್ಬಿಲಿ’, ಎರಡು ಎನ್ನುತ್ತಾರೆ. ಬಸ್ಸು ಎಷ್ಟಕ್ಕೆ ಎಂದು ಕೇಳಿದಾಗ ಯಾವ ಲೆಕ್ಕ ಎಂದೂ ಕೇಳಿಬಿಡಿ.

ಸೆಕೆಯ ಭಯ ಬೇಡ, ಚಳಿಯದ್ದು ಇರಲಿ. ಇರಿಂಗಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ದಕ್ಷಿಣಕ್ಕೆ ಮಫಿಂಗಾ, ನ್ಜೊಂಬೆಗಳತ್ತ ಹೋದಷ್ಟೂ ಇನ್ನೂ ಎತ್ತರ. ಜೂನ್, ಜುಲೈಯಲ್ಲಿ ಬೆಳಗಿನ ಅಸೆಂಬ್ಲಿಗೆ ಮಕ್ಕಳು ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ನಿಂತಿರುತ್ತಾರೆ. ಕುಂದಾಪುರದವರ ಹತ್ತಿರ ಅಂಥ ಸ್ವೆಟರ್ ಇರಲಿಕ್ಕಿಲ್ಲ, ಒಂದು ದಪ್ಪನೆಯದು ಕೊಳ್ಳಿ. ಚೂಡಿದಾರ ನಡೆಯುತ್ತದೆ, ಉದ್ದ ಲಂಗವೂ ಆಗುತ್ತದೆ. ಅಲ್ಲಿ ಹೋದಮೇಲೆ ಕಿಟೆಂಗೆ ಎಂಬ ಅಲ್ಲಿನ ಅಚ್ಚಿನ ಬಟ್ಟೆ ತೆಗೆದು ಊರ ದರ್ಜಿಯ ಹತ್ತಿರ ಹೊಲಿಸಿಕೊಂಡರೆ ಇಡೀ ಶಾಲೆ ಅದರ ಬಗ್ಗೆ ಅಭಿಪ್ರಾಯ ಕೊಡುತ್ತದೆ.

ಊಟ ಎಂದರೆ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಎನ್ನಿ. ವ್ಯತ್ಯಾಸವೆಂದರೆ ನುಂಗುವುದಲ್ಲ, ಅಗಿಯುವುದು. ತುತ್ತು ಉಂಡೆ ಮಾಡಿ ಹೆಬ್ಬೆರಳಲ್ಲಿ ಗುಳಿ ಒತ್ತಿ ಅದರಲ್ಲಿ ಬೀನ್ಸ್ ಕಾಳಿನ ಸಾರು ಎತ್ತಿಕೊಳ್ಳುತ್ತಾರೆ. ಪಕ್ಕಕ್ಕೆ ಮ್ಚಿಚಾ ಸೊಪ್ಪು, ನಮ್ಮ ಹರಿವೆಯೇ. ಮೀನಿಲ್ಲದೆ ಆಗದು ಎಂದಾದರೆ ದಗಾ ಎಂಬ ಒಣಮೀನು ಸಿಗುತ್ತದೆ, ನೋಡಲು ನೆತ್ತೋಲಿಯ ಸಂಬಂಧಿ. ಖಾರ ಮಾತ್ರ ಇಲ್ಲವೆಂದೇ ಲೆಕ್ಕ. ಬೆಳಿಗ್ಗೆ ಉಜಿ, ಅಂದರೆ ಗಂಜಿ. ಅದನ್ನು ಉಲೆಜಿಯದ್ದು ಕೇಳಿ ನೋಡಿ. ಉಲೆಜಿ ಎಂದರೆ ರಾಗಿ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆಯೇ. ಸಾವಿರಾರು ವರ್ಷ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ನಮ್ಮೂರಿನ ಧಾನ್ಯ ನಿಮ್ಮಲ್ಲೂ ಉಂಟಲ್ಲ ಎಂದು ಅಡುಗೆಯವರಿಗೆ ಹೇಳಲು ಹೋಗಬೇಡಿ, ಅದು ಅವರದ್ದು.

ಕಾಗದಪತ್ರ, ಆರೋಗ್ಯದ್ದು ಬೇಗ ಮುಗಿಸುತ್ತೇನೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಮಾಡುವಂತಿಲ್ಲ. ಸ್ವಯಂಸೇವಕರಿಗೆ ‘ಸಿ’ ವರ್ಗದ ವಾಸದ ಪರವಾನಗಿ ಬೇಕು. ಕರೆಸಿಕೊಳ್ಳುವ ಸಂಸ್ಥೆ ಅರ್ಜಿ ಹಾಕಿದೆಯೇ ಎಂದು ಟಿಕೆಟ್ ತೆಗೆಯುವ ಮೊದಲು ಲಿಖಿತದಲ್ಲಿ ಕೇಳಿ. ‘ಬನ್ನಿ, ಆಮೇಲೆ ನೋಡೋಣ’ ಎಂದರೆ ಹೊರಡಬೇಡಿ. ವಿಮಾನ ನೈರೋಬಿಯನ್ನೋ ಅಡಿಸ್ ಅಬಾಬಾವನ್ನೋ ಹಾದು ಹೋಗುತ್ತದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡುವುದು ಕ್ಷೇಮ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಸರ್ಟಿಫಿಕೇಟ್ ಊರ್ಜಿತವಾಗುವುದು, ವಾಪಸು ಬರುವಾಗಲೂ ಕೇಳಬಹುದು. ಮಲೇರಿಯಾಕ್ಕೆ ಮುಂಜಾಗ್ರತೆಯ ಮಾತ್ರೆ ನಿಮಗೆ ಯಾವುದೆಂದು ವೈದ್ಯರೇ ಹೇಳಬೇಕು. ಸೊಳ್ಳೆಪರದೆ ಚಳಿಗಾಲದಲ್ಲೂ ಬಿಡಬೇಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೂ ಎಲ್ಲಿಗೆ ಹೋಗಿದ್ದಿರೆಂದು ಡಾಕ್ಟರಿಗೆ ಹೇಳಿ.

ನೀವು ಕೇಳದ ಒಂದು ಮಾತು: ಅಲ್ಲಿನ ಶಾಲಾವರ್ಷ ಜನವರಿಗೆ ಶುರುವಾಗಿ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಇಲ್ಲಿಯ ಲೆಕ್ಕದಲ್ಲಿ ಜೂನಿಗೆ ಹೊರಟರೆ ಅರ್ಧ ಪಾಠ ಮುಗಿದ ತರಗತಿಗೆ ಕಾಲಿಡುತ್ತೀರಿ, ಡಿಸೆಂಬರಿನಲ್ಲಿ ಆ ಮಕ್ಕಳನ್ನು ಬಿಟ್ಟು ಹೊಸಬರನ್ನು ಹಿಡಿಯಬೇಕಾಗುತ್ತದೆ. ಸಾಧ್ಯವಾದರೆ ಡಿಸೆಂಬರ್ ಕೊನೆಗೆ ಹೋಗಿ ಸೇರಿ, ಫಾರ್ಮ್ ಒನ್ ಮಕ್ಕಳನ್ನೇ ಕೇಳಿ ಪಡೆಯಿರಿ.

ಇನ್ನು ಉಪ್ಪಿನಕಾಯಿ. ಒಯ್ಯಿರಿ, ಆ ಉಗಾಲಿಗೆ ಅದು ಬೇಕೇ ಬೇಕು. ಎಣ್ಣೆ ಹೆಚ್ಚಿರುವ ಮಾವಿನಮಿಡಿ ಬೇಡ, ಬ್ಯಾಗಿನಲ್ಲಿ ಸೋರಿದರೆ ಬಟ್ಟೆಗಳ ಗತಿ ಹೇಳತೀರದು. ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ, ಟವೆಲಿನಲ್ಲಿ ಸುತ್ತಿ ಚೆಕ್-ಇನ್ ಲಗೇಜಿನಲ್ಲಿಡಿ. ಅಂಗಡಿಯ ಪ್ಲಾಸ್ಟಿಕ್ ಕೈಚೀಲದಲ್ಲಿ ಮಾತ್ರ ಸುತ್ತಬೇಡಿ. ತಾಂಜಾನಿಯಾ 2019ರ ಜೂನ್ 1ರಿಂದ ಅವನ್ನು ನಿಷೇಧಿಸಿದೆ, ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ. ತೊಗರಿಬೇಳೆ, ಸಾಸಿವೆ ಹೊರುವುದು ದಂಡ, ಇರಿಂಗಾ ಪೇಟೆಯ ಗುಜರಾತಿ ಅಂಗಡಿಯಲ್ಲಿ ವಿಚಾರಿಸಿ. ಕುಚ್ಚಲಕ್ಕಿಯ ಆಸೆ ಬಿಡಿ.